ತಲೆಗೆ ಪೆಟ್ಟು ಬಿದ್ದು ನಾಲ್ಕು ತಿಂಗಳು, ಸ್ಕ್ಯಾನ್ ನಾರ್ಮಲ್, ಆದರೂ ತಲೆನೋವು-ತಲೆಸುತ್ತು ನಿಂತಿಲ್ಲ

ಮದ್ದೂರ್_ವಡೆ:
ಅಕ್ಕನ ಪರವಾಗಿ ಕೇಳ್ತಿದ್ದೀನಿ. ವಯಸ್ಸು 36, ಮಂಡ್ಯದಲ್ಲಿ ಹೈಸ್ಕೂಲ್ ಟೀಚರ್. ಹಂಪ್ ಮೇಲೆ ಸ್ಕೂಟರ್ ಎಗರಿ ಬಿದ್ದು ನಾಲ್ಕು ತಿಂಗಳಾಗ್ತಾ ಬಂತು. ಹೆಲ್ಮೆಟ್ ಇತ್ತು. ಸಿಟಿ ಸ್ಕ್ಯಾನ್ ನಾರ್ಮಲ್. 'ಕನ್ಕಷನ್ (ಪೆಟ್ಟಿಗೆ ಮಿದುಳು ಅಲುಗಿದೆ), ರೆಸ್ಟ್ ಮಾಡಿ' ಅಂತ ಹೇಳಿ ಕಳಿಸಿದ್ರು.

ಬೆಳಿಗ್ಗೆ ಪರವಾಗಿಲ್ಲ, ಮೂರನೇ ಪೀರಿಯಡ್ ಹೊತ್ತಿಗೆ ತಲೆ ಭಾರ. ಉತ್ತರ ಪತ್ರಿಕೆ ತಿದ್ದೋಕೆ ಕೂತರೆ ಅಕ್ಷರ ಒಂದರ ಮೇಲೊಂದು ಬರುತ್ತೆ. ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಕೋಣೆ ಗಿರ್ರನೆ ತಿರುಗುತ್ತೆ. ಟ್ಯೂಬ್‌ಲೈಟ್, ಮಿಕ್ಸಿ ಎರಡೂ ಆಗಲ್ಲ. ಹೆಚ್ಚುಕಮ್ಮಿ ದಿನಾ ಒಂದು ಡೋಲೋ ನುಂಗ್ತಾಳೆ. ಭಾನುವಾರ ಸ್ವಲ್ಪ ಚೆನ್ನಾಗಿದೆ ಅನ್ನಿಸಿದರೆ ಬಟ್ಟೆ, ಪಾತ್ರೆ, ಮನೆ ಒರೆಸೋದು ಎಲ್ಲಾ ಮುಗಿಸಿ ಸೋಮವಾರ, ಮಂಗಳವಾರ ಮಲಗಿಬಿಡ್ತಾಳೆ. ಅಮ್ಮ ಕತ್ತಲೆ ಕೋಣೆಯಲ್ಲಿ ಮಲಗು ಅಂತಾರೆ, ಭಾವ ಸುಮ್ನೆ ಕೂತಷ್ಟೂ ಜಾಸ್ತಿ ಆಗುತ್ತೆ ಅಂತಾರೆ. ಯಾರ ಮಾತು ಕೇಳೋದು?

ಫಿಸಿಯೋ_ಸರಸ್ವತಿಪುರಂ:
ಇಬ್ಬರದೂ ಅರ್ಧರ್ಧ ಸರಿ. ಹೆಚ್ಚು ವಿಶ್ರಾಂತಿ ಬೇಕಾಗಿದ್ದು ಮೊದಲ 24ರಿಂದ 48 ಗಂಟೆ ಮಾತ್ರ, ಆಗಲೂ ಅಲ್ಲಾಡದೆ ಮಲಗಬೇಕಾಗಿಲ್ಲ. ಆಮೇಲೂ ವಾರಗಟ್ಟಲೆ ಕತ್ತಲಲ್ಲಿ ಮಲಗಿದರೆ ಚೇತರಿಕೆ ನಿಧಾನವಾಗುತ್ತೆ. ಆಟಗಾರರಿಗೆ ಆಗೋ ಕನ್ಕಷನ್ ಬಗ್ಗೆ 2022ರಲ್ಲಿ ಆಮ್‌ಸ್ಟರ್‌ಡ್ಯಾಂನಲ್ಲಿ ಸೇರಿದ ತಜ್ಞರ ಒಮ್ಮತದ ಹೇಳಿಕೆಯೂ ಇದನ್ನೇ ಹೇಳುತ್ತೆ. ಹಾಗಂತ ಭಾನುವಾರ ಒಂದೇ ದಿನ ಎಲ್ಲ ಎಳೆದುಹಾಕೋದು ಅದಕ್ಕಿಂತ ಕೆಟ್ಟದ್ದು.

ಸಿಟಿ ಸ್ಕ್ಯಾನ್ ನೋಡೋದು ರಕ್ತಸ್ರಾವ ಮತ್ತು ಮೂಳೆ ಮುರಿತವನ್ನ. ಕನ್ಕಷನ್‌ನಲ್ಲಿ ಕೆಟ್ಟಿರೋದು ಮಿದುಳು ಕೆಲಸ ಮಾಡೋ ರೀತಿ, ಅದು ಫಿಲ್ಮಿನಲ್ಲಿ ಬರಲ್ಲ. ಮೂರು ತಿಂಗಳು ದಾಟಿದ ಮೇಲೆ ಉಳಿಯೋ ತೊಂದರೆಗೆ ಸಾಮಾನ್ಯವಾಗಿ ಒಂದೇ ಕಾರಣ ಇರಲ್ಲ. ಒಳಕಿವಿ, ಕಣ್ಣಿನ ಹೊಂದಾಣಿಕೆ, ಕತ್ತು, ನಿದ್ದೆ, ಮಾತ್ರೆ ಇವೆಲ್ಲ ಸೇರ್ಕೊಂಡಿರುತ್ತೆ. ನಿಮ್ಮಕ್ಕನ ವಿಷಯದಲ್ಲಿ ಕನಿಷ್ಠ ಮೂರು ಕಾಣ್ತಿದೆ, ಮೂರಕ್ಕೂ ಬೇರೆಬೇರೆ ದಾರಿ.

ಮೊದಲು ವ್ಯಾಯಾಮ. ಮಟ್ಟಸ ಜಾಗದಲ್ಲಿ, ಜೊತೆಗೆ ಒಬ್ಬರಿದ್ದು, 5 ನಿಮಿಷ ಮೆಲ್ಲಗೆ ನಡೀಲಿ. ಆಮೇಲೆ ಎರಡೆರಡು ನಿಮಿಷಕ್ಕೆ ವೇಗ ಸ್ವಲ್ಪ ಏರಿಸಲಿ. ಶುರುವಲ್ಲೇ ತಲೆನೋವಿಗೆ 10ಕ್ಕೆ ಎಷ್ಟು ಅಂತ ಅಂಕ ಕೊಟ್ಟಿರಬೇಕು. ಅದು 2 ಅಂಕ ಏರಿದ ಕ್ಷಣ ನಿಂತು ನಾಡಿ ಎಣಿಸಿ (15 ಸೆಕೆಂಡು ಎಣಿಸಿ 4ರಿಂದ ಗುಣಿಸಿ). ಉದಾಹರಣೆಗೆ 130 ಬಂತು ಅನ್ನಿ. ಅದರ ಶೇ. 80ರಿಂದ 90, ಅಂದರೆ 104ರಿಂದ 117ರ ಒಳಗೆ ನಾಡಿ ಇಟ್ಕೊಂಡು ದಿನಾ 20 ನಿಮಿಷ, ವಾರಕ್ಕೆ 5-6 ದಿನ ನಡಿಗೆ. ವಾರ ಎರಡು ವಾರಕ್ಕೊಮ್ಮೆ 5ರಿಂದ 10 ಬಡಿತ ಏರಿಸಬಹುದು. ನಡೀವಾಗ ಲಕ್ಷಣ ಸ್ವಲ್ಪ ಏರಿ, ಒಂದು ಗಂಟೆಯೊಳಗೆ ಇಳಿದರೆ ಹೆದರೋದು ಬೇಡ. ಮಾರನೇ ದಿನದವರೆಗೂ ಎಳೆದರೆ ಹಿಂದಿನ ಮಟ್ಟಕ್ಕೆ ಇಳೀರಿ. ಹೃದಯದ ತೊಂದರೆ, ಬಿಪಿ ಇದ್ದವರು ಡಾಕ್ಟರನ್ನ ಕೇಳದೆ ಈ ಪರೀಕ್ಷೆ ಮಾಡಬಾರದು. ಮೈಸೂರಿಗೆ ಬಂದಾಗ ಕುಕ್ಕರಹಳ್ಳಿ ಕೆರೆ ಏರಿ ಇದಕ್ಕೆ ಚೆನ್ನಾಗಿದೆ. ಬೆಟ್ಟದ ಮೆಟ್ಟಿಲು ಈಗ ಖಂಡಿತ ಬೇಡ.

ಹೊರಳಿದಾಗ ಕೋಣೆ ತಿರುಗೋದು ಒಂದು ನಿಮಿಷದೊಳಗೆ ನಿಲ್ಲುತ್ತಾ? ಹಾಗಿದ್ದರೆ ಒಳಕಿವಿಯ ಸಣ್ಣ ಹರಳುಗಳು ಜಾಗ ತಪ್ಪಿ ಅರ್ಧವೃತ್ತದ ನಾಳಕ್ಕೆ ಜಾರಿರೋ ಸಾಧ್ಯತೆ ಹೆಚ್ಚು. ತಲೆಗೆ ಪೆಟ್ಟು ಬಿದ್ದವರಲ್ಲಿ ಇದು ಸಾಮಾನ್ಯ. ಇದಕ್ಕೆ ತಲೆಸುತ್ತಿನ ಮಾತ್ರೆ ಪರಿಹಾರ ಅಲ್ಲ. ಇಎನ್‌ಟಿ ಡಾಕ್ಟರ್ ಮಂಚದ ಮೇಲೆ ತಲೆ ತಿರುಗಿಸಿ ಹಿಂದಕ್ಕೆ ಮಲಗಿಸಿ ಕಣ್ಣಿನ ಗುಡ್ಡೆ ಯಾವ ಕಡೆ ಅದುರುತ್ತೆ ಅಂತ ನೋಡ್ತಾರೆ. ಯಾವ ಕಿವಿ ಅಂತ ಗೊತ್ತಾದ ಮೇಲೆ ಎಪ್ಲಿ ವಿಧಾನದಲ್ಲಿ ತಲೆಯನ್ನ ಹಂತಹಂತವಾಗಿ ತಿರುಗಿಸಿ ಹರಳನ್ನ ವಾಪಸ್ ಕೂರಿಸ್ತಾರೆ. ಬಹಳ ಜನಕ್ಕೆ ಒಂದೆರಡು ಸಲಕ್ಕೇ ನಿಂತುಬಿಡುತ್ತೆ.

ಗುಳಿಗೆ_ಲೆಕ್ಕ:
ಮೇಲಿನವರು ಮಾತ್ರೆ ಅಂತ ಒಂದೇ ಪದದಲ್ಲಿ ಮುಗಿಸಿದ್ರು. ನನ್ನ ಕಣ್ಣಿಗೆ ಈ ಪ್ರಶ್ನೆಯಲ್ಲಿ ಅದೇ ದೊಡ್ಡದು.

ಪ್ಯಾರಸಿಟಮಾಲ್ (ಡೋಲೋ ಅಂದರೆ ಇದೇ), ಐಬುಪ್ರೊಫೆನ್ ಥರದ್ದನ್ನ ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳು ದಾಟಿ ತಗೊಂಡರೆ ಮಾತ್ರೆಯೇ ತಲೆನೋವು ತರೋಕೆ ಶುರು ಮಾಡುತ್ತೆ. ಕೆಫೀನ್ ಬೆರೆಸಿದ ಮಾತ್ರೆ, ಎರಡು ನೋವಿನ ಔಷಧಿ ಕೂಡಿಸಿದ್ದು, ಮೈಗ್ರೇನಿನ ಟ್ರಿಪ್ಟಾನ್ ಇವಕ್ಕೆ 10 ದಿನವೇ ಗಡಿ. ಎಣಿಸಬೇಕಾಗಿದ್ದು ಮಾತ್ರೆಗಳನ್ನಲ್ಲ, ತಗೊಂಡ ದಿನಗಳನ್ನ. 'ಅರ್ಧ ಮಾತ್ರೆ ಅಷ್ಟೇ' ಅನ್ನೋದೂ ಒಂದು ದಿನವೇ. ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೊಂದು ಗೆರೆ ಎಳೆಯಿರಿ, ಗುರಿ ವಾರಕ್ಕೆ ಎರಡು ಗೆರೆ.

ನಿಲ್ಲಿಸಿದ ಮೇಲೆ ಮೊದಲ ಕೆಲವು ದಿನ, ಕೆಲವರಿಗೆ ವಾರಕ್ಕೂ ಮೇಲೆ, ನೋವು ಜಾಸ್ತಿನೇ ಆಗುತ್ತೆ. ಬಹಳ ಜನ ಇಲ್ಲೇ ಸೋತು ಮತ್ತೆ ಶುರು ಮಾಡೋದು. ಅದಕ್ಕೇ ಡಾಕ್ಟರಿಗೆ ಮೊದಲೇ ಹೇಳಿ, ಶಾಲೆಗೆ ರಜೆ ಇರೋ ವಾರ ನೋಡ್ಕೊಂಡು ನಿಲ್ಲಿಸಿ. ನೋವು ಬರದಂತೆ ತಡೆಯೋ ಬೇರೆ ಔಷಧಿಗಳಿವೆ, ಅಮಿಟ್ರಿಪ್ಟಿಲಿನ್, ಪ್ರೊಪ್ರಾನೊಲಾಲ್ ಹೀಗೆ. ಅದು ಚೀಟಿ ಬರೆಸಿಯೇ ತಗೋಬೇಕಾದ್ದು, ಅಸ್ತಮಾ ಇದ್ದವರಿಗೆ ಎರಡನೇದು ಆಗಲ್ಲ. ಟ್ರಮಡಾಲ್ ಬೆರೆತ ಮಾತ್ರೆ ತಗೊಳ್ತಿದ್ದರೆ ಮಾತ್ರ ತಾವಾಗೇ ದಿಢೀರನೆ ನಿಲ್ಲಿಸಬೇಡಿ.

ಇನ್ನೊಂದು, ಸಿನ್ನರಿಜಿನ್, ಪ್ರೊಕ್ಲೋರ್‌ಪೆರಜಿನ್ ಥರದ ತಲೆಸುತ್ತಿನ ಮಾತ್ರೆ ತಿಂಗಳುಗಟ್ಟಲೆ ನುಂಗಿದರೆ ಮಿದುಳು ಸಮತೋಲನವನ್ನ ಹೊಸದಾಗಿ ಕಲಿಯೋದೇ ನಿಧಾನವಾಗುತ್ತೆ. ಮೊದಲ ಕೆಲವು ದಿನಕ್ಕೆ ಸರಿ, ನಾಲ್ಕನೇ ತಿಂಗಳಿಗೆ ಅಲ್ಲ.

ಕಾಫಿ: ದಿನಾ ಒಂದೇ ಪ್ರಮಾಣ, ಮಧ್ಯಾಹ್ನ ಎರಡರ ಮೇಲೆ ಬೇಡ. ಏಕಾಏಕಿ ಬಿಟ್ಟರೆ ಅದಕ್ಕೇ ಬೇರೆ ತಲೆನೋವು.

ಕಪ್ಪು_ಹಲಗೆ:
ಶಾಲೆ ಕಡೆಯಿಂದ ನೋಡೋಣ. ಅಕ್ಷರ ಒಂದರ ಮೇಲೊಂದು ಬರೋದಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಇದೆ. ಪೆನ್ನಿನ ತುದಿ ನೋಡ್ತಾ ಅದನ್ನ ಮೂಗಿನ ಕಡೆಗೆ ತರಲಿ. ತುದಿ ಎರಡಾಗಿ ಕಾಣೋದು ಸುಮಾರು 6 ಸೆಂ.ಮೀ.ಗಿಂತ ದೂರದಲ್ಲೇ ಆದರೆ ಎರಡು ಕಣ್ಣು ಒಟ್ಟಿಗೆ ಒಳಗೆ ತಿರುಗೋದು ಸಾಲದು ಅಂತ ಅರ್ಥ. ಕನ್ನಡಕದ ಅಂಗಡಿಯಲ್ಲಿ ದೂರದ ಬೋರ್ಡ್ ಓದಿಸಿದರೆ ಇದು ಗೊತ್ತಾಗಲ್ಲ, 6/6 ಅಂತ ಬರೆದು ಕಳಿಸ್ತಾರೆ. ಕಣ್ಣಿನ ಡಾಕ್ಟರ ಹತ್ತಿರ 'ಹತ್ತಿರದ ಹೊಂದಾಣಿಕೆ ನೋಡಿ' ಅಂತಲೇ ಕೇಳಬೇಕು. ಇದಕ್ಕೆ ಕಣ್ಣಿನ ವ್ಯಾಯಾಮ ಇದೆ.

ಅಲ್ಲಿವರೆಗೆ ಪತ್ರಿಕೆ ತಿದ್ದೋದು ಹೀಗೆ: ಪೇಪರ್ ಮಲಗಿಸಿಡದೆ ಪರೀಕ್ಷೆ ಪ್ಯಾಡನ್ನ ಎರಡು ಪುಸ್ತಕಕ್ಕೆ ಒರಗಿಸಿ ಇಳಿಜಾರು ಮಾಡಿ, ಕತ್ತು ಬಗ್ಗಬಾರದು. ಓದೋ ಸಾಲಿನ ಕೆಳಗೆ ಸ್ಕೇಲ್. ಐದು ಪತ್ರಿಕೆ ಆದ ಮೇಲೆ ಎದ್ದು ಕಿಟಕಿಯಿಂದ ದೂರ ನೋಡಲಿ, ನೋವು ಬಂದ ಮೇಲೆ ಅಲ್ಲ, ಗಡಿಯಾರ ಹೇಳಿದಾಗ. ಎಡವೋದೇ ಇಲ್ಲಿ, 'ಇನ್ನೆರಡು ಮುಗಿಸಿಬಿಡ್ತೀನಿ' ಅಂತ.

ಟೈಮ್‌ಟೇಬಲ್: ಎರಡು ಪೀರಿಯಡ್ ಆದ ಮೇಲೆ ಒಂದು ಖಾಲಿ ಇರುವಂತೆ ಹೆಚ್‌ಎಂ ಹತ್ತಿರ ಕೇಳಿ. ಖಾಲಿ ಪೀರಿಯಡ್‌ನಲ್ಲಿ ಮೊಬೈಲ್ ಬೇಡ, ಸ್ಟಾಫ್ ರೂಮಿನ ಮಾತೂ ಬೇಡ, ಅದೂ ಕೆಲಸವೇ. ಪ್ರಾರ್ಥನೆಗೆ ಬಿಸಿಲಲ್ಲಿ ನಿಲ್ಲೋದರಿಂದ ವಿನಾಯಿತಿ, ಎರಡು ತರಗತಿ ಕೂಡಿಸಿ ಪಾಠ ಮಾಡೋದರಿಂದ ವಿನಾಯಿತಿ. ಡಾಕ್ಟರ್ ಚೀಟಿಯಲ್ಲಿ 'ರೆಸ್ಟ್' ಅಂತ ಮಾತ್ರ ಬರೆಸಿದರೆ ಪೂರ್ತಿ ರಜೆ ಇಲ್ಲ ಪೂರ್ತಿ ಕೆಲಸ, ಎರಡೇ ಆಯ್ಕೆ ಆಗುತ್ತೆ. ಎಷ್ಟು ಪೀರಿಯಡ್, ಎಷ್ಟು ವಾರ ಅಂತ ಬಿಡಿಸಿ ಬರೆಸಿ.

ಭಾನುವಾರದ ಬಟ್ಟೆ-ಪಾತ್ರೆಗೂ ಇದೇ ಲೆಕ್ಕ. ಚೆನ್ನಾಗಿರೋ ದಿನ ಎಷ್ಟು ಮಾಡಬಹುದೋ ಅದನ್ನಲ್ಲ, ಸಾಧಾರಣ ದಿನ ಎಷ್ಟು ಮಾಡಿದರೆ ಮಾರನೇ ದಿನ ಕೆಡಲ್ವೋ ಅಷ್ಟನ್ನೇ ದಿನಾ. ಒರೆಸೋದು ಬಗ್ಗಿ ಮಾಡೋ ಕೆಲಸ, ಉದ್ದ ಕೋಲಿನ ಮಾಪ್ ತನ್ನಿ. ಇಲ್ಲ, ಸದ್ಯಕ್ಕೆ ಭಾವನವರೇ ಒರೆಸಲಿ 🙂

ಅರಮನೆ_ದೀಪ:
ಕಪ್ಪು ಕನ್ನಡಕ, ಕಿವಿಗೆ ಹತ್ತಿ ಇಟ್ಕೊಂಡು ಇಡೀ ದಿನ ಇದ್ದರೆ ಆಯ್ತಲ್ಲ? ದಸರಾ ಲೈಟಿಂಗೂ ನೋಡಬಹುದು.

ಫಿಸಿಯೋ_ಸರಸ್ವತಿಪುರಂ:
ಆಗಲ್ಲ ಸಾರ್. ಮನೆಯೊಳಗೂ ಕಪ್ಪು ಕನ್ನಡಕ ಹಾಕಿದರೆ ಕಣ್ಣು ಕತ್ತಲೆಗೆ ಒಗ್ಗಿ, ಮಾಮೂಲಿ ಬೆಳಕೂ ಚುಚ್ಚೋಕೆ ಶುರುವಾಗುತ್ತೆ. ಕಿವಿಗೂ ಅಷ್ಟೇ. ಬಿಸಿಲಿಗೆ ಹೋದಾಗ ಕನ್ನಡಕ ಅಥವಾ ಅಂಚಿನ ಟೋಪಿ, ಮಿಕ್ಸಿ ಹಾಕುವಾಗ, ಛತ್ರದಲ್ಲಿ ವಾಲಗ ಊದುವಾಗ ಇಯರ್‌ಪ್ಲಗ್, ಅಷ್ಟೇ. ಸಯ್ಯಾಜಿರಾವ್ ರಸ್ತೆಯ ದಸರಾ ಜನಜಂಗುಳಿ ಈ ವರ್ಷ ಟಿವಿಯಲ್ಲೇ ಸಾಕು, ಅದೂ ದೀಪ ಹಾಕಿದ ಕೋಣೆಯಲ್ಲಿ.

ಟ್ಯೂಬ್‌ಲೈಟ್ ತೊಂದರೆ ಕಲ್ಪನೆ ಅಲ್ಲ. ಹಳೇ ಚೋಕಿನ ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತೆ. ಕಳಪೆ ಎಲ್‌ಇಡಿಯೂ ಹಾಗೇ. ಫೋನ್ ಕ್ಯಾಮೆರಾವನ್ನ ಸ್ಲೋ ಮೋಷನ್‌ಗೆ ಹಾಕಿ ಹಿಡಿಯಿರಿ, ಕಪ್ಪು ಪಟ್ಟಿ ಓಡಾಡಿದರೆ ಆ ದೀಪ ಬದಲಾಯಿಸಿ. ಕ್ಲಾಸಿನಲ್ಲಿ ಆಗದಿದ್ದರೆ ಅದರ ನೇರ ಕೆಳಗೆ ನಿಲ್ಲದೆ ಕಿಟಕಿ ಪಕ್ಕ ನಿಂತು ಪಾಠ ಮಾಡಲಿ.

ಮದ್ದೂರ್_ವಡೆ:
ತುಂಬಾ ಥ್ಯಾಂಕ್ಸ್. ತಿರುಗೋದು ಅರ್ಧ ನಿಮಿಷದಲ್ಲಿ ನಿಲ್ಲುತ್ತಂತೆ. ಎಪ್ಲಿ ವಿಡಿಯೋ ನೋಡಿ ಮನೆಯಲ್ಲೇ ಮಾಡಬಹುದಾ? ಸ್ಕೂಟರ್ ಯಾವಾಗ?

ಫಿಸಿಯೋ_ಸರಸ್ವತಿಪುರಂ:
ಮೊದಲ ಸಲ ಮನೆಯಲ್ಲಿ ಬೇಡ. ಬಿದ್ದವರ ಕತ್ತು ಸರಿಯಿದೆಯಾ ಅಂತ ಮೊದಲು ನೋಡಬೇಕು. ಬಲಕ್ಕೆ ಹೊರಳಿದಾಗ ತಿರುಗಿತು ಅಂದ ಮಾತ್ರಕ್ಕೆ ಬಲಗಿವಿ ಅಂತ ಖಾತ್ರಿ ಇಲ್ಲ. ಹರಳು ಅಡ್ಡ ನಾಳದಲ್ಲಿದ್ದರೆ ಎಪ್ಲಿ ಕೆಲಸಕ್ಕೇ ಬರಲ್ಲ, ಬೇರೆ ವಿಧಾನ ಬೇಕು. ಮಂಡ್ಯದ ಮಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು) ಆಸ್ಪತ್ರೆಯಲ್ಲಿ ಇಎನ್‌ಟಿ ವಿಭಾಗ ಇದೆ. ಕಿವಿ, ಸಮತೋಲನ ಕೂಲಂಕಷವಾಗಿ ನೋಡಿಸಬೇಕು ಅಂದರೆ ಮೈಸೂರಿನ ಮಾನಸಗಂಗೋತ್ರಿಯ ಆಯಿಷ್‌ನಲ್ಲಿ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ವಿಚಾರಿಸಿ.

ಸ್ಕೂಟರ್: ತಲೆಯನ್ನ ಬೇಗ ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿದಾಗ ಸುತ್ತು ಬರಬಾರದು, ಡಾಕ್ಟರೂ ಹೂಂ ಅನ್ನಬೇಕು, ಅಲ್ಲಿವರೆಗೆ ಬೇಡ. ಬಿದ್ದಾಗ ಹಾಕಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬಿಸಾಕಿ, ಒಳಗಿನ ಥರ್ಮೋಕೋಲ್ ಒಂದು ಸಲ ಅದುಮಿಕೊಂಡರೆ ಮತ್ತೆ ಉಬ್ಬಲ್ಲ.

ಪಟ್ಟಣದ_ಹೊಳೆ:
ನಮ್ಮ ತಂದೆಗೆ 70, ಬಚ್ಚಲಲ್ಲಿ ಜಾರಿ ತಲೆ ಬಡೀತು, ಒಂದು ತಿಂಗಳಾಯ್ತು. ರಕ್ತ ತೆಳು ಮಾಡೋ ಮಾತ್ರೆ ತಗೋತಾರೆ. ಈಗ ಮಂಕಾಗಿದ್ದಾರೆ, ನಡಿಗೆ ಒಂದು ಕಡೆ ಎಳೆಯುತ್ತೆ. ಇದೇ ನಡಿಗೆ ಕ್ರಮ ಮಾಡಿಸಬಹುದಾ?

ಗುಳಿಗೆ_ಲೆಕ್ಕ:
ಬೇಡ ಅಣ್ಣ, ಇವತ್ತೇ ಸ್ಕ್ಯಾನ್ ಮಾಡಿಸಿ. ವಯಸ್ಸಾದವರಲ್ಲಿ, ಅದರಲ್ಲೂ ಆ ಮಾತ್ರೆ ತಗೊಳ್ಳೋರಲ್ಲಿ, ತಲೆಬುರುಡೆ ಒಳಗೆ ರಕ್ತ ನಿಧಾನವಾಗಿ ಜಿನುಗಿ ವಾರಗಳ ಮೇಲೆ ತೊಂದರೆ ಕೊಡುತ್ತೆ. ಬಿದ್ದ ದಿನದ ಸ್ಕ್ಯಾನ್ ನಾರ್ಮಲ್ ಇದ್ದರೂ ಅದು ಈಗಿನ ಲೆಕ್ಕಕ್ಕೆ ಬರಲ್ಲ. ಯಾವ ವಯಸ್ಸಿನವರಿಗಾದರೂ ಏರುತ್ತಲೇ ಹೋಗೋ ತಲೆನೋವು, ಮತ್ತೆಮತ್ತೆ ವಾಂತಿ, ಫಿಟ್ಸ್, ತೊದಲು, ಕೈಕಾಲು ಬಲಹೀನತೆ, ಎಬ್ಬಿಸಿದರೂ ಏಳದ ನಿದ್ದೆ ಕಂಡರೆ ಎಮರ್ಜೆನ್ಸಿಗೆ. ರಕ್ತದ ಮಾತ್ರೆಯನ್ನ ನೀವಾಗೇ ನಿಲ್ಲಿಸಬೇಡಿ, ಚೀಟಿ ಸಮೇತ ತಗೊಂಡು ಹೋಗಿ.

ಕಪ್ಪು_ಹಲಗೆ:
ಮದ್ದೂರ್ ವಡೆ ಅವರೇ, ಮೈಸೂರಿಗೆ ಕರ್ಕೊಂಡು ಹೋಗೋದಾದರೆ ರೈಲು ವಾಸಿ, ಹಂಪ್ ಇರಲ್ಲ. ಬಸ್ಸಾದರೆ ಮುಂದಿನ ಸೀಟು, ಫೋನ್ ಚೀಲದಲ್ಲಿ. ಸಮತೋಲನದ ಪರೀಕ್ಷೆಗೆ ತಲೆಸುತ್ತಿನ ಮಾತ್ರೆಯನ್ನ ಸಾಮಾನ್ಯವಾಗಿ ಎರಡು ದಿನ ಮೊದಲೇ ನಿಲ್ಲಿಸೋಕೆ ಹೇಳ್ತಾರೆ, ದಿನ ಗೊತ್ತುಮಾಡುವಾಗಲೇ ಕೇಳ್ಕೊಳ್ಳಿ. ಸ್ಕ್ಯಾನ್ ರಿಪೋರ್ಟ್, ಗೆರೆ ಎಳೆದ ಕ್ಯಾಲೆಂಡರ್ ಎರಡೂ ಜೊತೆಗಿರಲಿ.