ಮನೆ ಮ್ಯಾಪಿನಲ್ಲಿದೆ, ಬೀದಿ ದಾಟಿದರೆ ಕಾರು ನಾಪತ್ತೆ – ಎಪಿಆರ್‌ಎಸ್ ಸೆಟಪ್‌ನಲ್ಲಿ ಎಲ್ಲಿ ಎಡವಿದ್ದೇನೆ?

ಹೊಸ_ಆಂಟೆನಾ:

ಎಲ್ಲರಿಗೂ ನಮಸ್ಕಾರ. ಹ್ಯಾಮ್ ರೇಡಿಯೋ ಲೈಸೆನ್ಸ್ ಬಂದು ಒಂದು ವರ್ಷ ಆಯಿತು. ಇಷ್ಟು ದಿನ ಎರಡು ಮೀಟರ್ ಬ್ಯಾಂಡಿನಲ್ಲಿ ಬರೀ ಹರಟೆ ಹೊಡೆದುಕೊಂಡಿದ್ದೆ, ಹೋದ ತಿಂಗಳು ಎಪಿಆರ್‌ಎಸ್ (ಇರುವ ಜಾಗ, ಸಣ್ಣ ಮೆಸೇಜುಗಳನ್ನು ರೇಡಿಯೋದಲ್ಲಿ ಪ್ಯಾಕೆಟ್ ಮಾಡಿ ಕಳಿಸುವ ವ್ಯವಸ್ಥೆ) ಹುಚ್ಚು ಹತ್ತಿತು. ಮನೆಯಲ್ಲಿ ರಾಸ್ಪ್‌ಬೆರಿ ಪೈ, ಯುಎಸ್‌ಬಿ ಸೌಂಡ್ ಕಾರ್ಡ್, ಹಳೇ ಮೊಬೈಲ್ ರಿಗ್ (ಕಾರಿಗೆ ಹಾಕುವಂಥ ರೇಡಿಯೋ), ಪ್ಯಾಕೆಟ್ ಬಿಡಿಸುವ ಡೈರ್‌ವುಲ್ಫ್ ಸಾಫ್ಟ್‌ವೇರ್. ಗಾಳಿಯಲ್ಲಿ ಕೇಳಿದ್ದನ್ನು ಇಂಟರ್‌ನೆಟ್‌ಗೆ ದಾಟಿಸುವ ಐಗೇಟ್ ಆಗಿ ಇಟ್ಟಿದ್ದೇನೆ. ಕಾರಿನಲ್ಲಿ ಐದು ವಾಟ್ ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೋ), ಅದರ ಮೈಕ್ ಸಾಕೆಟ್ಟಿಗೆ ಜಿಪಿಎಸ್ ಇರುವ ಪುಟ್ಟ ಟ್ರ್ಯಾಕರ್ ಬೋರ್ಡ್, ಮೇಲೆ ಮ್ಯಾಗ್ನೆಟ್ ಆಂಟೆನಾ.

ಮನೆ ಸ್ಟೇಷನ್ ಮ್ಯಾಪಿನಲ್ಲಿ ಚೆನ್ನಾಗಿ ಕಾಣಿಸುತ್ತಿದೆ. ಅಂದರೆ ರಿಗ್, ಆಂಟೆನಾ ಎಲ್ಲ ಸರಿ ಇದೆ ಅಂತ ಲೆಕ್ಕ. ಆದರೆ ಕಾರು ಬೀದಿ ತುದಿ ದಾಟಿದ ಕೂಡಲೇ ಮಾಯ. ಗುಡ್ಡದ ಮೇಲೊಂದು ಡಿಜಿಪೀಟರ್ (ಕೇಳಿದ ಪ್ಯಾಕೆಟನ್ನು ತಿರುಗಿ ಕಳಿಸುವ ಸ್ಟೇಷನ್, ಡಿಜಿ) ಇದೆ, ಅದೇ ರಸ್ತೆಯಲ್ಲಿ ಓಡಾಡುವ ಬೇರೆಯವರ ಕಾರುಗಳನ್ನು ಅದು ಆರಾಮಾಗಿ ಎತ್ತಿಕೊಳ್ಳುತ್ತದೆ. ನನ್ನದನ್ನು ಮಾತ್ರ ಒಂದು ಸಲವೂ ತಿರುಗಿ ಕಳಿಸಿಲ್ಲ.

ಹಾಗಾಗಿ ಪಾತ್ (ಡಿಜಿಗಳು ಎಷ್ಟು ಸಲ ತಿರುಗಿ ಕಳಿಸಬೇಕು ಅನ್ನುವ ಸೂಚನೆ) ವೈಡ್ 3-3 ಮಾಡಿ, 15 ಸೆಕೆಂಡಿಗೊಂದು ಬೀಕನ್ (ಜಾಗ ಹೇಳುವ ಪ್ಯಾಕೆಟ್) ಬಿಟ್ಟು, ಅದೂ ಸಾಲದಿದ್ದರೆ 50 ವಾಟ್ ಆಂಪ್ಲಿಫೈಯರ್ ಹಾಕೋಣ ಅಂದುಕೊಂಡಿದ್ದೇನೆ. ಹತ್ತು ಸಲ ಬಾಗಿಲು ತಟ್ಟಿದರೆ ಒಂದು ಸಲವಾದರೂ ತೆಗೆಯುತ್ತಾರೆ ಅಲ್ವಾ?


ಗುಡ್ಡದ_ಡಿಜಿ:

ಬೇಡ ಮಾರಾಯರೇ, ದಯವಿಟ್ಟು ಬೇಡ. ನಾನೂ ಒಂದು ಡಿಜಿ ನೋಡಿಕೊಳ್ಳುವವನು, ಅದಕ್ಕೇ ಗಾಬರಿಯಾಗಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ನೋಡಿ. 1200 ಬಾಡ್‌ನಲ್ಲಿ ಒಂದು ಪೊಸಿಷನ್ ಪ್ಯಾಕೆಟ್, ಅದಕ್ಕೂ ಮೊದಲಿನ ಟಿಎಕ್ಸ್ ಡಿಲೇ (ರೇಡಿಯೋ ಆನ್ ಆದ ಮೇಲೆ ಪ್ಯಾಕೆಟ್ ಹೊರಡುವ ತನಕ ಕಾಯುವ ಹೊತ್ತು) ಸೇರಿಸಿದರೆ, ಹತ್ತಿರ ಹತ್ತಿರ ಒಂದು ಸೆಕೆಂಡ್ ಚಾನೆಲ್ ಹಿಡಿಯುತ್ತದೆ. ನಿಮ್ಮ ಒಂದು ಪ್ಯಾಕೆಟನ್ನು ನಾಲ್ಕು ಡಿಜಿಗಳು ಒಂದರ ಹಿಂದೊಂದು ತಿರುಗಿ ಕಳಿಸಿದವು ಅನ್ನಿ, ಅಲ್ಲಿಗೆ ಐದು ಸೆಕೆಂಡ್ ಹೋಯಿತು. ನಿಮಿಷಕ್ಕೆ ನಾಲ್ಕು ಸಲ ಅಂದರೆ 20 ಸೆಕೆಂಡ್. ಒಂದು ಕಾರಿಗೆ! ಇಡೀ ಏರಿಯಾಕ್ಕೆ ಇರುವುದು ಒಂದೇ ಫ್ರೀಕ್ವೆನ್ಸಿ. ಸಾಲದ್ದಕ್ಕೆ ಕೆಳಗಿರುವ ಕಾರುಗಳಿಗೆ ಒಂದರ ಸಿಗ್ನಲ್ ಇನ್ನೊಂದಕ್ಕೆ ಕೇಳುವುದಿಲ್ಲ, ಗುಡ್ಡದ ಮೇಲಿನ ಡಿಜಿಗೆ ಮಾತ್ರ ಎಲ್ಲ ಒಟ್ಟಿಗೆ ಕೇಳುತ್ತದೆ. ಹೀಗೆ ಯಾರಿಗೂ ಯಾರೂ ಕೇಳದೆ ಮನಸ್ಸಿಗೆ ಬಂದಾಗ ಕಳಿಸುವ ಚಾನೆಲ್‌ಗೆ ಅಲೋಹಾ ಅನ್ನುತ್ತಾರೆ, ಅದರಲ್ಲಿ ಎಷ್ಟೇ ತುರುಕಿದರೂ ಶೇಕಡ 18ರಷ್ಟು ಸಮಯ ಮಾತ್ರ ನೆಟ್ಟಗಿರುವ ಪ್ಯಾಕೆಟ್ ದಾಟೀತು. ಮೇಲೆ ತುರುಕಿದ್ದೆಲ್ಲ ಡಿಕ್ಕಿಗೆ ದಾರಿ.

ಕಾರಿಗೆ ವೈಡ್ 1-1, ವೈಡ್ 2-1 ಸಾಕು. ಕದಲದ ಮನೆ ಸ್ಟೇಷನ್‌ಗೆ ಅರ್ಧ ಗಂಟೆಗೊಂದು ಬೀಕನ್, ಅಷ್ಟೇ. ಮನೆ ಎಲ್ಲಿಗೂ ಎದ್ದು ಹೋಗಲ್ಲವಲ್ಲ. ಟ್ರ್ಯಾಕರ್‌ನಲ್ಲಿ ಸ್ಮಾರ್ಟ್ ಬೀಕನಿಂಗ್ ಇದ್ದರೆ ಆನ್ ಮಾಡಿ. ವೇಗವಾಗಿ ಹೋಗುವಾಗ ಒಂದೆರಡು ನಿಮಿಷಕ್ಕೊಮ್ಮೆ, ತಿರುವು ಬಂದಾಗ ಒಂದು, ನಿಂತಾಗ ಅಪರೂಪಕ್ಕೆ ಅಂತ ಅದೇ ನೋಡಿಕೊಳ್ಳುತ್ತದೆ.

ಇನ್ನು ಮನೆ ಮ್ಯಾಪಿನಲ್ಲಿ ಕಾಣಿಸುವುದರ ವಿಷಯ. ಮ್ಯಾಪ್ ಸೈಟಿನಲ್ಲಿ ನಿಮ್ಮ ಕಾಲ್‌ಸೈನ್ ಒತ್ತಿ ರಾ ಪ್ಯಾಕೆಟ್ ಅನ್ನುವ ಪುಟ ತೆಗೆಯಿರಿ. ಸಾಲಿನಲ್ಲಿ ಟಿಸಿಪಿಐಪಿ ನಕ್ಷತ್ರ, ಆಮೇಲೆ ಕ್ಯೂಎಸಿ ಅಂತ ಇದ್ದರೆ ಅದು ರೇಡಿಯೋದಿಂದ ಹೋದದ್ದೇ ಅಲ್ಲ, ಪೈ ನೇರ ಇಂಟರ್‌ನೆಟ್‌ಗೆ ಹಾಕಿದ್ದು. ಆಂಟೆನಾ ಕಿತ್ತಿಟ್ಟರೂ ಹಾಗೇ ಕಾಣಿಸುತ್ತಿರುತ್ತದೆ. ಗಾಳಿಯಲ್ಲಿ ಬಂದು ಐಗೇಟ್ ಎತ್ತಿಕೊಂಡದ್ದಾದರೆ ಕ್ಯೂಎಆರ್ ಅಂತ, ಬರೀ ಕೇಳುವ ಐಗೇಟ್ ಆದರೆ ಕ್ಯೂಎಒ ಅಂತ ಇರಬೇಕು.


ಹೊಸ_ಆಂಟೆನಾ:

ಅಯ್ಯೋ. ನೋಡಿದೆ. ಮನೆಯದ್ದೆಲ್ಲ ಟಿಸಿಪಿಐಪಿ, ಒಂದೂ ಬಿಡದಂತೆ. ಮೂರು ವಾರ ಎಲ್ಲರಿಗೂ ಸ್ಕ್ರೀನ್‌ಶಾಟ್ ತೋರಿಸಿಕೊಂಡು ಓಡಾಡಿದ್ದೇನೆ, ಇನ್ನು ಯಾವ ಮುಖ ಹೊತ್ತು ಹೇಳಲಿ. ಕಾರಿನದ್ದು ಗಾಳಿಯಲ್ಲೇ ಬಂದಿದೆ, ಆದರೆ ಎಲ್ಲವನ್ನೂ ಎತ್ತಿಕೊಂಡಿರುವುದು ನನ್ನ ಮನೆಯ ಐಗೇಟೇ.


ಸುಟ್ಟ_ಸೋಲ್ಡರ್:

ಎಲ್ಲರೂ ಮೊದಲ ತಿಂಗಳು ಹಾಗೇ ಬೀಗಿದವರೇ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಅನುಮಾನ ಟ್ರ್ಯಾಕರ್‌ನಿಂದ ಹ್ಯಾಂಡಿಗೆ ಹೋಗುವ ಆಡಿಯೋ ಮೇಲೆ. ಡೈರ್‌ವುಲ್ಫ್ ಪ್ರತಿ ಪ್ಯಾಕೆಟ್ ಡಿಕೋಡ್ ಮಾಡಿದಾಗಲೂ ಆಡಿಯೋ ಲೆವೆಲ್ ಅಂತ ಒಂದು ನಂಬರ್ ಕೊಡುತ್ತದೆ, ಪಕ್ಕದಲ್ಲಿ ಬ್ರ್ಯಾಕೆಟ್ ಒಳಗೆ ಎರಡು ಚಿಕ್ಕ ನಂಬರ್. ಬೇರೆಯವರ ನಾಲ್ಕು ಸ್ಟೇಷನ್ ಮತ್ತು ನಿಮ್ಮ ಕಾರಿನ ನಂಬರ್ ಹಾಕಿ. ಟ್ರ್ಯಾಕರ್‌ನಲ್ಲಿ ಟಿಎಕ್ಸ್ ಡಿಲೇ ಎಷ್ಟಿಟ್ಟಿದ್ದೀರಿ ಅಂತಲೂ ಹೇಳಿ.


ಹೊಸ_ಆಂಟೆನಾ:

ಬೇರೆಯವರದ್ದು 48, 52, 50, 47. ನನ್ನ ಕಾರಿನದ್ದು 84. ಜಾಸ್ತಿ ಇದ್ದರೆ ಒಳ್ಳೆಯದಲ್ವಾ? ಪಕ್ಕದಲ್ಲೇ ಇರುವುದರಿಂದ ಸಿಗ್ನಲ್ ಜೋರಾಗಿದೆ ಅಂತ ಸುಮ್ಮನಿದ್ದೆ. ಟಿಎಕ್ಸ್ ಡಿಲೇ 100 ಮಿಲಿಸೆಕೆಂಡ್, ಬೋರ್ಡ್ ಬಂದಾಗ ಇದ್ದ ಹಾಗೇ ಇದೆ.


ಸುಟ್ಟ_ಸೋಲ್ಡರ್:

ಸಿಕ್ಕಿಬಿದ್ದ ಕಳ್ಳ!

ಎಫ್‌ಎಂನಲ್ಲಿ ಆ ನಂಬರಿಗೂ ಸಿಗ್ನಲ್ ಜೋರಿಗೂ ಸಂಬಂಧ ಇಲ್ಲ. ಪಕ್ಕದ ಮನೆಯಿಂದ ಬಂದರೂ 30 ಕಿಲೋಮೀಟರ್ ಆಚೆಯಿಂದ ಬಂದರೂ ಆಡಿಯೋ ಅಷ್ಟೇ ಇರುತ್ತದೆ. ಅದನ್ನು ತೀರ್ಮಾನಿಸುವುದು ಕಳಿಸುವವರ ಡೀವಿಯೇಷನ್, ಅಂದರೆ ಆಡಿಯೋಗೆ ತಕ್ಕಂತೆ ಫ್ರೀಕ್ವೆನ್ಸಿ ಎಷ್ಟು ಆಚೀಚೆ ಸರಿಯುತ್ತದೆ ಅನ್ನುವುದು. ಎಲ್ಲರದ್ದೂ 50ರ ಆಸುಪಾಸು ಇದ್ದು ನಿಮ್ಮದು 84 ಅಂದರೆ ನಿಮ್ಮ ಹ್ಯಾಂಡಿ ಲಿಮಿಟರ್‌ಗೆ (ಡೀವಿಯೇಷನ್ ಮಿತಿ ಮೀರದಂತೆ ತಡೆಯುವ ಭಾಗ) ಹೋಗಿ ತಲೆ ಚಚ್ಚಿಕೊಳ್ಳುತ್ತಿದೆ. ಬೇಕಾದದ್ದು 3 ಕಿಲೋಹರ್ಟ್ಸ್ ಆಚೀಚೆ, ನೀವು 5ರ ಹತ್ತಿರ ಇರಬೇಕು. ಟ್ರ್ಯಾಕರ್ ಬೋರ್ಡಿನಿಂದ ಬರುವ ಆಡಿಯೋ ಮೈಕ್ ಸಾಕೆಟ್ಟಿಗೆ ಬಹಳ ಜಾಸ್ತಿ, ಅಲ್ಲಿ ಮಿಲಿವೋಲ್ಟ್ ಲೆಕ್ಕ.

ಮಾತಿನಲ್ಲಾದರೆ ಇದು ಗೊತ್ತೇ ಆಗಲ್ಲ, ಸ್ವಲ್ಪ ಒರಟಾಗಿ ಕೇಳಿಸುತ್ತದೆ ಅಷ್ಟೇ. ಪ್ಯಾಕೆಟ್ ಅಂದರೆ 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳ ಆಟ. ಅದು ವಿರೂಪ ಆಗಿ ಒಂದೇ ಒಂದು ಬಿಟ್ ತಪ್ಪಿದರೂ ಚೆಕ್‌ಸಮ್ ತಾಳೆಯಾಗದೆ ಇಡೀ ಪ್ಯಾಕೆಟ್ ಕಸದ ಬುಟ್ಟಿಗೆ. ಸಿಕ್ಕಿಲ್ಲ, ಇನ್ನೊಮ್ಮೆ ಕಳಿಸು ಅಂತ ಯಾರೂ ಕೇಳುವುದೂ ಇಲ್ಲ, ಬೀಕನ್‌ಗೆ ಅಂಥ ವ್ಯವಸ್ಥೆ ಇಲ್ಲ. ಬೀದಿಯಲ್ಲಿ ಸಿಗ್ನಲ್ ಶುದ್ಧವಾಗಿದ್ದಾಗ ಡೈರ್‌ವುಲ್ಫ್ ಹೇಗೋ ಸಂಭಾಳಿಸಿಕೊಂಡಿತು. ಗುಡ್ಡಕ್ಕೆ ಹೋಗುವಷ್ಟರಲ್ಲಿ ಸ್ವಲ್ಪ ಸದ್ದೂ ಸೇರಿ ಕತೆ ಮುಗಿಯಿತು. ಇದಕ್ಕೆ 50 ವಾಟ್ ಹಾಕಿದ್ದರೆ ಅದೇ ಹಾಳಾದ ಪ್ಯಾಕೆಟ್ ಇನ್ನೂ ಹತ್ತು ಊರಿಗೆ ಜೋರಾಗಿ ಕೇಳುತ್ತಿತ್ತು.

ಮಾಡಬೇಕಾದದ್ದು ಇಷ್ಟು. ಬೋರ್ಡಿನಲ್ಲಿ ಸಣ್ಣ ನೀಲಿ ಟ್ರಿಮ್‌ಪಾಟ್ ಇದ್ದರೆ ಅದನ್ನು ಕಾಲು ಸುತ್ತು ಇಳಿಸಿ, ಒಂದು ಪ್ಯಾಕೆಟ್ ಬಿಡಿ, ಡೈರ್‌ವುಲ್ಫ್ ಪರದೆ ನೋಡಿ. 50 ಬರುವ ತನಕ ಹೀಗೇ. ಕಾಲು ಸುತ್ತು ತಿರುಗಿಸಿದರೂ 84 ಕದಲದಿದ್ದರೆ ಹೆದರಬೇಡಿ, ಲಿಮಿಟರ್‌ನಿಂದ ಇನ್ನೂ ಕೆಳಗೆ ಬಂದಿಲ್ಲ ಅಂತ ಅರ್ಥ, ಇನ್ನೂ ಇಳಿಸಿ. ಪಾಟ್ ಇಲ್ಲದಿದ್ದರೆ ಸಾಲಿನಲ್ಲಿ ಒಂದು ದೊಡ್ಡ ರೆಸಿಸ್ಟರ್ ಹಾಕಿ. ಬ್ರ್ಯಾಕೆಟ್ಟಿನ ಎರಡು ನಂಬರ್ ಆ ಎರಡು ಸ್ವರಗಳದ್ದು, ಅವು ಒಂದಕ್ಕೊಂದು ತೀರಾ ದೂರ ಇರಬಾರದು.

ಟಿಎಕ್ಸ್ ಡಿಲೇ 300 ಮಾಡಿ. ಬಟನ್ ಒತ್ತಿದ ಕೂಡಲೇ ಹ್ಯಾಂಡಿ ಪೂರ್ತಿ ಏಳುವುದಿಲ್ಲ, ಅತ್ತ ಕಡೆ ರಿಸೀವರ್ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚಿಡುವ ಬಾಗಿಲು) ತೆರೆಯಲೂ ಒಂದಿಷ್ಟು ಹೊತ್ತು ಬೇಕು. 100ರಲ್ಲಿ ಪ್ಯಾಕೆಟ್‌ನ ತಲೆಯೇ ಕತ್ತರಿಸಿ ಹೋಗುತ್ತಿರಬಹುದು. ಆಮೇಲೆ ಹ್ಯಾಂಡಿಯಲ್ಲಿ ಬ್ಯಾಟರಿ ಸೇವರ್ ಆಫ್ ಮಾಡಿ. ಅದು ಆನ್ ಇದ್ದರೆ ರಿಸೀವರ್ ನಡುನಡುವೆ ನಿದ್ದೆ ಹೊಡೆಯುತ್ತದೆ, ಚಾನೆಲ್ ಖಾಲಿ ಇದೆಯೋ ಇಲ್ಲವೋ ಟ್ರ್ಯಾಕರ್‌ಗೆ ತಿಳಿಯದೆ ಬೇರೆಯವರ ಮೇಲೆ ಬೀಳುತ್ತದೆ. ಟೋನ್ ಸ್ಕ್ವೆಲ್ಚ್ ಇದ್ದರೆ ಅದನ್ನೂ ತೆಗೆಯಿರಿ.


ಸುಮ್ನೆ_ಕೇಳುಗ:

ಮೇಲಿನ ಇಬ್ಬರೂ ಹೇಳಿದ್ದು ಸರಿ. ನಾನು ಹೇಳುವುದು ಮನೆ ಸ್ಟೇಷನ್ ಬಗ್ಗೆ. ಹೊಸಬರು ಮೊದಲ ಎರಡು ತಿಂಗಳು ಮನೆಯಲ್ಲಿ ಬರೀ ಕೇಳುವ ಐಗೇಟ್ ಇಟ್ಟುಕೊಳ್ಳಿ. ಪಿಟಿಟಿ (ರಿಗ್‌ಗೆ ಟ್ರಾನ್ಸ್‌ಮಿಟ್ ಮಾಡು ಅಂತ ಹೇಳುವ) ವೈರ್ ಕೂಡ ಹಾಕಬೇಡಿ. ಯಾರು ಯಾವ ಪಾತ್ ಹಾಕುತ್ತಾರೆ, ಯಾವ ಡಿಜಿ ಹೆಸರಿನ ಮುಂದೆ ನಕ್ಷತ್ರ ಬರುತ್ತದೆ, ಸಂಜೆ ಚಾನೆಲ್ ಎಷ್ಟು ತುಂಬಿರುತ್ತದೆ ಅಂತ ಪರದೆ ನೋಡುತ್ತಾ ಕೂತರೆ ತಾನಾಗೇ ಅರ್ಥ ಆಗುತ್ತದೆ. ನಾನು ಒಂದು ಆರ್‌ಟಿಎಲ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ, ಬರೀ ಕೇಳುವ ರೇಡಿಯೋ) ಹಾಕಿ ಆರು ತಿಂಗಳು ಹಾಗೇ ನಡೆಸಿದೆ.

ಫ್ರೀಕ್ವೆನ್ಸಿ ಸರಿ ಇದೆಯಾ ಅಂತಲೂ ಒಮ್ಮೆ ನೋಡಿ. ಉತ್ತರ ಅಮೆರಿಕದಲ್ಲಿ 144.390, ಯುರೋಪಿನಲ್ಲಿ 144.800, ಆಸ್ಟ್ರೇಲಿಯಾದಲ್ಲಿ 145.175 ಮೆಗಾಹರ್ಟ್ಸ್. ನೆಟ್ಟಿನಲ್ಲಿ ಸಿಕ್ಕ ಕಾನ್ಫಿಗ್ ಫೈಲ್ ಹಾಗೇ ಅಂಟಿಸಿ ಬೇರೆ ಖಂಡದ ಫ್ರೀಕ್ವೆನ್ಸಿಯಲ್ಲಿ ಕೂಗುತ್ತಾ ಕೂತವರನ್ನು ನೋಡಿದ್ದೇನೆ.

ಇನ್ನೊಂದು ನನ್ನದೇ ಕತೆ. ಜಾಗದ ವಿವರ ಡಿಗ್ರಿ, ಮಿನಿಟ್ ಲೆಕ್ಕದಲ್ಲಿ ಕೊಡಬೇಕಿತ್ತು. ಫೋನಿನಲ್ಲಿ ದಶಮಾಂಶದಲ್ಲಿ .55 ಡಿಗ್ರಿ ಅಂತ ಇತ್ತು, ಅದನ್ನೇ 55 ಮಿನಿಟ್ ಅಂತ ಬರೆದೆ. ನಿಜದಲ್ಲಿ ಅದು 33 ಮಿನಿಟ್. ಅಕ್ಷಾಂಶದಲ್ಲಿ ಒಂದು ಮಿನಿಟ್ ಅಂದರೆ ಸುಮಾರು 1.85 ಕಿಲೋಮೀಟರ್, 22 ಮಿನಿಟ್ ತಪ್ಪಿದ್ದಕ್ಕೆ ನನ್ನ ಮನೆ 40 ಕಿಲೋಮೀಟರ್ ಆಚೆ ಕೆರೆ ಮಧ್ಯದಲ್ಲಿ ಒಂದು ವಾರ ತೇಲಿತು.

ಕಾರಿನ ಟ್ರ್ಯಾಕರ್ ಮನೆ ಹತ್ತಿರ ಬಂದಾಗ ಆಫ್ ಮಾಡುವುದು ಒಳ್ಳೆಯದು. ಎಲ್ಲ ದಾಖಲೆ ಸೈಟುಗಳಲ್ಲಿ ಉಳಿಯುತ್ತದೆ, ನೀವು ಯಾವಾಗ ಮನೆಯಲ್ಲಿ ಇರಲ್ಲ ಅಂತ ಯಾರು ಬೇಕಾದರೂ ನೋಡಬಹುದು.


ಗುಡ್ಡದ_ಡಿಜಿ:

ಕೇಳುಗರೇ, ಬರೀ ಕೇಳುವ ಐಗೇಟ್ ವಿಷಯದಲ್ಲಿ ನನ್ನ ತಕರಾರು ಇದೆ. ಕಲಿಯಲು ಸರಿ, ಆದರೆ ಕೊನೆತನಕ ಹಾಗೇ ಬಿಡಬೇಡಿ. ಎಪಿಆರ್‌ಎಸ್ ಅಂದರೆ ಬರೀ ಕಾರು ಎಲ್ಲಿದೆ ಅಂತ ನೋಡುವ ಆಟ ಅಲ್ಲ. ಇದನ್ನು ಕಟ್ಟಿದ ಬಾಬ್ ಬ್ರೂನಿಂಗಾ ಕೊನೆತನಕ ಅದನ್ನೇ ಹೇಳುತ್ತಿದ್ದರು, ಇದು ಸುತ್ತಮುತ್ತಲಿನವರು ಆ ಕ್ಷಣದ ಮಾಹಿತಿ ಹಂಚಿಕೊಳ್ಳುವ ಎರಡೂ ಕಡೆಯ ವ್ಯವಸ್ಥೆ ಅಂತ. ಇಂಟರ್‌ನೆಟ್ ಕಡೆಯಿಂದ ಯಾರೋ ಕಾರಿನಲ್ಲಿರುವವರಿಗೆ ಮೆಸೇಜ್ ಕಳಿಸಿದರೆ ಅದನ್ನು ಗಾಳಿಗೆ ಹಾಕುವ ಐಗೇಟ್ ಹತ್ತಿರ ಒಂದಾದರೂ ಇರಬೇಕು. ಎಲ್ಲರೂ ಕಿವಿ ಮಾತ್ರ ಇಟ್ಟುಕೊಂಡು ಕೂತರೆ ಬಾಯಿ ಯಾರು ತೆರೆಯುತ್ತಾರೆ?

ಹೆದರಿಕೆ ಬೇಡ, ಡೈರ್‌ವುಲ್ಫ್ ಇಂಟರ್‌ನೆಟ್‌ನದ್ದೆಲ್ಲ ತಂದು ಗಾಳಿಗೆ ಸುರಿಯುವುದಿಲ್ಲ. ಹತ್ತಿರದಲ್ಲಿ ಕೇಳಿಸಿದ ಸ್ಟೇಷನ್‌ಗೆ ಬಂದ ಮೆಸೇಜ್ ಮಾತ್ರ ಕಳಿಸುತ್ತದೆ. ಮಿತಿಯನ್ನು ನಿಮಿಷಕ್ಕೆ 6, ಐದು ನಿಮಿಷಕ್ಕೆ 10 ಪ್ಯಾಕೆಟ್ ಅಂತ ಇಟ್ಟುಕೊಳ್ಳಿ. ಐಗೇಟ್ ಬೇರೆ, ಡಿಜಿ ಬೇರೆ ಅನ್ನುವುದು ನೆನಪಿರಲಿ. ಗುಡ್ಡದ ಡಿಜಿಗೆ ನೇರ ಕೇಳುವ ಜಾಗದಲ್ಲಿ ಮನೆ ಇದ್ದರೆ ಮನೆಯಲ್ಲಿ ಡಿಜಿ ಆನ್ ಮಾಡಲೇಬೇಡಿ. ತಗ್ಗಿನಲ್ಲಿದ್ದು ಸುತ್ತಲಿನ ಕಾರುಗಳು ಗುಡ್ಡಕ್ಕೆ ಮುಟ್ಟುತ್ತಿಲ್ಲ ಅಂದರೆ ಮಾತ್ರ ವೈಡ್ 1-1ಕ್ಕೆ ಓಗೊಡುವ ಫಿಲ್ ಇನ್ ಡಿಜಿ ಮಾಡಿ.

ಬೀಕನ್ ಕಾಮೆಂಟಿನಲ್ಲಿ ಸುಮ್ನೆ ಹಲೋ ಅಂತ ಬರೆಯುವ ಬದಲು ನೀವು ಯಾವ ಫ್ರೀಕ್ವೆನ್ಸಿಯಲ್ಲಿ ಮಾತಿಗೆ ಸಿಗುತ್ತೀರಿ ಅಂತ ಹಾಕಿ. ಮ್ಯಾಪಿನಲ್ಲಿ ನೋಡಿದವರು ಕರೆಯಲಿ.


ಸುಮ್ನೆ_ಕೇಳುಗ:

ಒಪ್ಪಿದೆ, ಆದರೆ ಎರಡು ತಿಂಗಳು ಆದ ಮೇಲೆ. ಆಡಿಯೋ ಲೆವೆಲ್ ಸರಿ ಮಾಡಿಕೊಳ್ಳದವರ ಬಾಯಿ ತೆರೆಸಿದರೆ ಏನಾಗುತ್ತದೆ ಅಂತ ಈ ಚರ್ಚೆಯಲ್ಲೇ ನೋಡಿದೆವಲ್ಲ. (ಹೊಸ ಆಂಟೆನಾ ಅವರೇ, ತಮಾಷೆಗೆ ಅಂದದ್ದು.)


ಹೊಸ_ಆಂಟೆನಾ:

ತಮಾಷೆ ಆದರೂ ನಿಜವೇ ಬಿಡಿ.

ಎರಡು ದಿನ ಆಯಿತು, ವರದಿ ಒಪ್ಪಿಸುತ್ತಿದ್ದೇನೆ. ಬೋರ್ಡ್ ಬಿಚ್ಚಿದೆ, ಟ್ರಿಮ್‌ಪಾಟ್ ಇತ್ತು, ಅದನ್ನು ಪೂರ್ತಿ ಬಲಕ್ಕೆ ತಿರುಗಿಸಿದ್ದವನು ನಾನೇ, ಜೋರಾಗಿ ಹೋಗಲಿ ಅಂತ. ಕಾಲು ಸುತ್ತು ಇಳಿಸಿದೆ, 84. ಅರ್ಧ ಸುತ್ತು, ಮತ್ತೆ 83. ಇದು ಕೆಟ್ಟೇ ಹೋಗಿದೆ ಅಂದುಕೊಳ್ಳುವಾಗ ನೀವು ಬರೆದದ್ದು ನೆನಪಾಗಿ ಇನ್ನೂ ಇಳಿಸಿದೆ. ಅಲ್ಲಿಂದ ಆಚೆ 71, 60, ಕೊನೆಗೆ 51ಕ್ಕೆ ನಿಲ್ಲಿಸಿ ಪಾಟ್ ಮೇಲೆ ಒಂದು ಹನಿ ನೈಲ್ ಪಾಲಿಶ್ ಹಾಕಿದೆ, ಅಲುಗದಿರಲಿ ಅಂತ. ಟಿಎಕ್ಸ್ ಡಿಲೇ 300, ಬ್ಯಾಟರಿ ಸೇವರ್ ಆಫ್, ಪಾತ್ ವೈಡ್ 1-1, ವೈಡ್ 2-1.

ಬೀದಿ ದಾಟಿದೆ, ಎರಡನೇ ತಿರುವಿನಲ್ಲಿ ಗಾಡಿ ನಿಲ್ಲಿಸಿ ಫೋನ್ ತೆಗೆದೆ. ರಾ ಪ್ಯಾಕೆಟ್ ಸಾಲಿನಲ್ಲಿ ಗುಡ್ಡದ ಡಿಜಿಯ ಹೆಸರು, ಮುಂದೆ ನಕ್ಷತ್ರ, ಆಮೇಲೆ ಕ್ಯೂಎಆರ್, ಕೊನೆಗೆ ನಾನು ಹೆಸರೇ ಕೇಳದ ಯಾವುದೋ ಐಗೇಟ್. ಅಲ್ಲೇ ಕೂತು ನಾಲ್ಕು ಸಲ ರಿಫ್ರೆಶ್ ಮಾಡಿದೆ. ಅದೇ ಐದು ವಾಟ್‌ನಲ್ಲಿ ನಿನ್ನೆ 60 ಕಿಲೋಮೀಟರ್ ದಾರಿ ಪೂರ್ತಿ ಗೆರೆ ಎಳೆದ ಹಾಗೆ ಬಂತು, ಮಧ್ಯೆ ಒಂದು ಕಣಿವೆಯಲ್ಲಿ ಮಾತ್ರ ತುಂಡಾಗಿದೆ.

ಆಸೆ ತಡೆಯದೆ (ಕೇಳುಗರೇ, ಕ್ಷಮಿಸಿ) ಮನೆಯಲ್ಲೂ ಟ್ರಾನ್ಸ್‌ಮಿಟ್ ಮಾಡಿ ನೋಡೋಣ ಅಂತ ಪಿಟಿಟಿ ಸರ್ಕ್ಯೂಟ್ ಬಿಟ್ಟು ವಾಕ್ಸ್‌ನಲ್ಲಿ (ಸದ್ದು ಬಂದಾಗ ರಿಗ್ ತಾನೇ ಕೀ ಆಗುವುದು, ಅಂದರೆ ಟ್ರಾನ್ಸ್‌ಮಿಟ್‌ಗೆ ಹೋಗುವುದು) ಹಾಕಿದೆ. ಕಡಿಮೆ ಪವರ್‌ನಲ್ಲಿ ಸರಿ, 25 ವಾಟ್ ಮಾಡಿದರೆ ರಿಗ್ ಒಮ್ಮೆ ಕೀ ಆದದ್ದು ಬಿಡುವುದೇ ಇಲ್ಲ, ಪೈ ಕೂಡ ಹ್ಯಾಂಗ್ ಆಗುತ್ತದೆ. ಕೈಯಿಂದ ಆಫ್ ಮಾಡಬೇಕು.


ಸುಟ್ಟ_ಸೋಲ್ಡರ್:

ಮೊದಲು ವೈರ್ ಕಿತ್ತಿಡಿ, ಆಮೇಲೆ ಮಿಕ್ಕಿದ್ದು. ಆಂಟೆನಾದಿಂದ ಆರ್‌ಎಫ್ (ರೇಡಿಯೋ ಅಲೆ) ಯುಎಸ್‌ಬಿ ಮತ್ತು ಆಡಿಯೋ ಕೇಬಲ್‌ಗೆ ವಾಪಸ್ ನುಗ್ಗುತ್ತಿದೆ. ಎರಡಕ್ಕೂ ಫೆರೈಟ್ (ಅದನ್ನು ತಡೆಯುವ ಉಂಗುರ) ಹಾಕಿ, ಕೇಬಲ್ ಗಿಡ್ಡ ಮಾಡಿ, ಆಂಟೆನಾ ಪೈ ಇರುವ ಜಾಗದಿಂದ ದೂರ ಸರಿಸಿ. ರಿಗ್ ಮೆನುವಿನಲ್ಲಿ ಟೈಮ್ ಔಟ್ ಟೈಮರ್ ಇದ್ದರೆ ಇರುವುದರಲ್ಲೇ ಕಡಿಮೆ ಸಮಯಕ್ಕೆ ಇಡಿ. ವಾಕ್ಸ್ ಪ್ಯಾಕೆಟ್‌ಗೆ ಆಗಿಬರುವುದಿಲ್ಲ, ಅದು ಮಾತಿಗೆ ಮಾಡಿದ್ದು, ಪ್ಯಾಕೆಟ್ ಮುಗಿದ ಮೇಲೂ ಅರ್ಧ ಸೆಕೆಂಡ್ ಕ್ಯಾರಿಯರ್ ಹಿಡಿದುಕೊಂಡು ಮುಂದಿನವರ ಪ್ಯಾಕೆಟ್ ತಿಂದುಹಾಕುತ್ತದೆ. ಪೈನ ಜಿಪಿಐಒ ಪಿನ್‌ನಿಂದ ಒಂದು ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್ ಸಾಕು ಪಿಟಿಟಿಗೆ. ನಿಮ್ಮ ಸರ್ಕ್ಯೂಟ್ ಫೋಟೋ ಹಾಕಿ, ನೋಡೋಣ. 73 (ನಮ್ಮ ಹ್ಯಾಮ್ ಭಾಷೆಯಲ್ಲಿ ಶುಭಾಶಯ).