ಪದಚರ್ಚೆ: ‘ಸಂಬಂಧ ಶಿಕ್ಷಣ’ ಅಂದ್ರೆ ಮನೆಯವರು ಏನು ತಿಳಿದುಕೊಳ್ಳುತ್ತಾರೆ?

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಪ್ರೈಮರಿ ಶಾಲೆಗಳಲ್ಲಿ ನಡೆಯುವ ಪಿಎಸ್‌ಎಚ್‌ಇ (ವೈಯಕ್ತಿಕ, ಸಾಮಾಜಿಕ, ಆರೋಗ್ಯ ಮತ್ತು ಹಣಕಾಸಿನ ವಿಷಯಗಳ) ಪಾಠದ ಬಗ್ಗೆ ಕನ್ನಡದಲ್ಲಿ ಎರಡು ಪುಟದ ತಿಳಿವಳಿಕೆ ಪತ್ರ ಸಿದ್ಧ ಮಾಡುತ್ತಿದ್ದೇವೆ. ಊರಿಂದ ಹೊಸದಾಗಿ ಬಂದ ಅಪ್ಪ-ಅಮ್ಮಂದಿರಿಗೆ, ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದಿರುವ ಅಜ್ಜ-ಅಜ್ಜಿಯರಿಗೆ. ಬರೆಯುತ್ತಾ ಹೋದ ಹಾಗೆ ಒಂದೊಂದು ಪದವೂ ಕಾಲಿಗೆ ತೊಡರುತ್ತಿದೆ. ಬಲ್ಲವರು ಸಹಾಯ ಮಾಡಿ.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. 2020ರ ಸೆಪ್ಟೆಂಬರಿನಿಂದ ಇಲ್ಲಿನ ಎಲ್ಲ ಪ್ರೈಮರಿ ಶಾಲೆಗಳಲ್ಲೂ ಈ ಪಾಠದಲ್ಲಿ ಬರುವ ‘ರಿಲೇಷನ್‌ಶಿಪ್ಸ್ ಎಜುಕೇಷನ್’ ಕಡ್ಡಾಯ. ಸರ್ಕಾರದ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಆರೋಗ್ಯದ ಪಾಠವೂ ಕಡ್ಡಾಯ. ಇವೆರಡರಿಂದ ಮಗುವನ್ನು ಬಿಡಿಸಿ ಅಂತ ಹೆತ್ತವರು ಕೇಳುವ ಹಾಗಿಲ್ಲ. ಸೆಕ್ಸ್ ಎಜುಕೇಷನ್ ಬೇರೆ. ಪ್ರೈಮರಿಯಲ್ಲಿ ಅದು ಕಡ್ಡಾಯವಲ್ಲ. ಶಾಲೆ ಹೇಳಿಕೊಟ್ಟರೂ ಹೆತ್ತವರು ಬೇಡ ಅನ್ನಬಹುದು, ವಿಜ್ಞಾನದ ಪಠ್ಯದಲ್ಲಿ ಬರುವ ಭಾಗವೊಂದನ್ನು ಬಿಟ್ಟು. (ವೇಲ್ಸ್, ಸ್ಕಾಟ್ಲೆಂಡಿನ ಕ್ರಮ ಬೇರೆ, ಅದನ್ನು ಇಲ್ಲಿ ತರುವುದಿಲ್ಲ.)

ಅಂದ್ರೆ ರಿಲೇಷನ್‌ಶಿಪ್ಸ್ ಎಜುಕೇಷನ್, ಸೆಕ್ಸ್ ಎಜುಕೇಷನ್ ಎರಡೂ ಓದುವವರ ತಲೆಯಲ್ಲಿ ಬೇರೆ ಬೇರೆಯಾಗಿಯೇ ಕೂರಬೇಕು. ಅಲ್ಲೇ ತೊಂದರೆ ಶುರು. ಮೊದಲನೆಯದನ್ನು ‘ಸಂಬಂಧ ಶಿಕ್ಷಣ’ ಅಂತ ಬರೆದರೆ ಏನಾಗುತ್ತೆ ನೋಡಿ. ‘ಹುಡುಗಿಗೆ ಒಳ್ಳೆ ಸಂಬಂಧ ಬಂದಿದೆ’ ಅಂದ್ರೆ ಮದುವೆ ಮಾತು. ‘ಅವರಿಬ್ಬರಿಗೂ ಸಂಬಂಧ ಇದೆಯಂತೆ’ ಅಂದ್ರೆ ಪಕ್ಕದ ಮನೆಯವರು ಕಿಟಕಿ ಹತ್ತಿರ ಬರುತ್ತಾರೆ. ಐದು ವರ್ಷದ ಮಗುವಿಗೆ ಸಂಬಂಧ ಶಿಕ್ಷಣ ಅಂತ ಓದಿದ ಅಜ್ಜಿ ಗಾಬರಿಯಾಗದೆ ಇರುತ್ತಾರಾ? ಆ ಪಾಠದಲ್ಲಿ ಇರುವುದಾದರೋ ಮನೆಯವರು, ಗೆಳೆತನ, ಒಬ್ಬರಿಗೊಬ್ಬರು ಗೌರವ ಕೊಡುವುದು, ಇಂಟರ್ನೆಟ್‌ನಲ್ಲಿ ಜನರ ಜೊತೆ ಹೇಗಿರಬೇಕು, ತನ್ನನ್ನು ತಾನು ಹೇಗೆ ಕಾಪಾಡಿಕೊಳ್ಳಬೇಕು, ಇಷ್ಟೇ. ‘ಬಾಂಧವ್ಯ’ ಭಾಷಣದ ಪದ. ‘ನಂಟು’ ಚೆನ್ನಾಗಿದೆ, ಆದರೆ ನೆಂಟರ ಕಡೆಗೆ ಎಳೆಯುತ್ತದೆ. ನನ್ನ ಓಟು ‘ಒಡನಾಟ’ಕ್ಕೆ. ‘ಒಡನಾಟದ ಪಾಠ’. ಅದರಲ್ಲಿ ಆಟವೂ ಇದೆ, ಜೊತೆಗಿರುವುದೂ ಇದೆ. ಅಪ್ಪ-ಅಮ್ಮ, ಅಣ್ಣ-ತಂಗಿಯ ವಿಷಯಕ್ಕೆ ‘ಒಡನಾಟ’ ಸ್ವಲ್ಪ ಹೊರಗಿನದಾಯಿತು ಅಂತ ಗುಂಪಿನಲ್ಲಿ ಒಬ್ಬರು ಹೇಳಿದರು. ನೀವೇನಂತೀರಿ?

ಇಡೀ ಪಿಎಸ್‌ಎಚ್‌ಇಗೆ ‘ನೀತಿಪಾಠ’ ಸಾಕು ಅಂದವರೂ ಇದ್ದಾರೆ. ಸಾಲದು. ನಮ್ಮ ನೀತಿಪಾಠ ಹಿರಿಯರ ಮಾತು ಕೇಳು ಅನ್ನುತ್ತೆ. ಈ ಪಾಠ ಕೆಲವೊಮ್ಮೆ ಹಿರಿಯರಿಗೂ ಬೇಡ ಅನ್ನು ಅನ್ನುತ್ತೆ. ಊರಿನ ಶಾಲೆಗಳಲ್ಲಿ ಬಳಕೆಯಲ್ಲಿರುವ ‘ಜೀವನ ಕೌಶಲ’ ಹತ್ತಿರ ಬರುತ್ತದೆ. ಸದ್ಯಕ್ಕೆ ಅದನ್ನೇ ಇಟ್ಟಿದ್ದೇವೆ.

ನಿಜವಾಗಿ ನಿದ್ದೆ ಕೆಡಿಸಿರುವುದು ಪ್ಯಾಂಟ್ಸ್ ನಿಯಮ. ಮಕ್ಕಳ ರಕ್ಷಣೆಗೆ ಕೆಲಸ ಮಾಡುವ ಎನ್‌ಎಸ್‌ಪಿಸಿಸಿ ಸಂಸ್ಥೆ ಮಾಡಿದ್ದು. ಪ್ಯಾಂಟೊಸಾರಸ್ ಅಂತ ಚಡ್ಡಿ ಹಾಕಿಕೊಂಡ ಡೈನೊಸಾರ್ ಒಂದು ಹಾಡು ಹೇಳಿ ಕಲಿಸುತ್ತೆ. ಇಂಗ್ಲಿಷಿನ PANTS ಪದದ ಐದು ಅಕ್ಷರಕ್ಕೆ ಐದು ನಿಯಮ. ಚಡ್ಡಿಯೊಳಗಿನದು ನಿನ್ನದು ಮಾತ್ರ. ನಿನ್ನ ಮೈ ನಿನ್ನದು. ನೋ ಅಂದ್ರೆ ನೋ. ಮನಸ್ಸಿಗೆ ಹಿಂಸೆ ಮಾಡುವ ಗುಟ್ಟನ್ನು ಯಾರಿಗಾದರೂ ಹೇಳು. ಬಾಯಿಬಿಟ್ಟು ಹೇಳಿದರೆ ಸಹಾಯಕ್ಕೆ ಜನ ಇದ್ದಾರೆ. ಇಲ್ಲಿ ಪ್ಯಾಂಟ್ಸ್ ಅಂದ್ರೆ ಒಳಚಡ್ಡಿ, ನಮ್ಮಲ್ಲಿ ಪ್ಯಾಂಟು ಅಂದ್ರೆ ಅಪ್ಪ ಆಫೀಸಿಗೆ ಹಾಕಿಕೊಂಡು ಹೋಗುವುದು. ಹಾಗಾಗಿ ‘ಚಡ್ಡಿ ನಿಯಮ’ ಅಂತ ಬರೆದಿದ್ದೇವೆ. ದಯವಿಟ್ಟು ಯಾರೂ ಇದನ್ನು ರಾಜಕೀಯಕ್ಕೆ ಎಳೆಯಬೇಡಿ.

‘ನೋ ಮೀನ್ಸ್ ನೋ’ ಬಂದಾಗ ಮೊದಲ ಕರಡಿನಲ್ಲಿ ‘ಇಲ್ಲ ಅಂದ್ರೆ ಇಲ್ಲ’ ಅಂತ ಇತ್ತು. ಓದಿ ನೋಡಿದರೆ ಅದು ಮಗುವಿನ ಮಾತೇ ಅಲ್ಲ. ಅಂಗಡಿ ಮುಂದೆ ಐಸ್‌ಕ್ರೀಮಿಗೆ ಅಳುವ ಮಗುವಿಗೆ ಅಪ್ಪ ಹೇಳುವ ಮಾತು! ‘ಇಲ್ಲ ಅಂದ್ರೆ ಇಲ್ಲ, ಸುಮ್ನೆ ನಡಿ.’ ಮಗು ತನ್ನ ಪರವಾಗಿ ಹೇಳಿಕೊಳ್ಳುವುದು ‘ಬೇಡ’. ಆದ್ದರಿಂದ ‘ಬೇಡ ಅಂದ್ರೆ ಬೇಡ’ ಅಂತ ತಿದ್ದಿದೆವು. ಆದರೆ ನಮ್ಮ ಮನೆಗಳಲ್ಲಿ ‘ಬೇಡ’ಕ್ಕೆ ಎಷ್ಟು ಬೆಲೆ ಇದೆ? ಊಟಕ್ಕೆ ಕೂತವರು ಬೇಡ ಬೇಡ ಅಂತ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ, ಬಡಿಸುವವರು ‘ಸಂಕೋಚ ಮಾಡ್ಕೋಬೇಡಿ’ ಅಂತ ಬೆರಳ ಸಂದಿಯಲ್ಲೇ ಇನ್ನೊಂದು ಹೋಳಿಗೆ ಜಾರಿಸುತ್ತಾರೆ. ಬೇಡ ಅಂದ್ರೆ ಇನ್ನೊಂದು ಸಲ ಕೇಳಿ ಅಂತ ಅರ್ಥ ಅನ್ನುವುದನ್ನು ಮಗು ದಿನಾ ನೋಡುತ್ತಿರುತ್ತದೆ. ಕೆನ್ನೆ ಹಿಂಡುವ ಮಾವನಿಗೂ ಆ ‘ಬೇಡ’ ಅಷ್ಟೇ ಕೇಳಿಸುವುದು.

ಧಾರವಾಡದ ಕಡೆಯವರೊಬ್ಬರು ‘ಒಲ್ಲೆ’ ಇಡಿ ಅಂದರು. ‘ಒಲ್ಲೆ ಅಂದ್ರ ಒಲ್ಲೆ.’ ನನಗೆ ತುಂಬಾ ಹಿಡಿಸಿತು. ‘ಬೇಡ’ದಲ್ಲಿ ಯಾರಿಗೆ ಬೇಡ ಅನ್ನುವುದು ಕಾಣುವುದಿಲ್ಲ. ಒಲ್ಲೆ ಅನ್ನುವುದರೊಳಗೆ ‘ನಾನು’ ಇದೆ. ಒಲ್ಲೆ, ಒಲ್ಲೆವು, ಒಲ್ಲಳು, ಹೀಗೆ ಹೇಳುವ ಪದದಲ್ಲೇ ಆಳು ಗೊತ್ತಾಗುತ್ತಾನೆ. ವಚನಗಳಿಂದ ಇಂದಿನ ಹಟಮಾರಿ ಕೂಸಿನವರೆಗೆ ಬಳಕೆಯಲ್ಲಿರುವ ಪದ. ಆದರೆ ಮೈಸೂರು, ಬೆಂಗಳೂರು ಕಡೆಯ ಮಕ್ಕಳು ಇದನ್ನು ಪುಸ್ತಕದಲ್ಲಿ ಕಾಣಬಹುದೇ ಹೊರತು ಬಾಯಲ್ಲಿ ಆಡುವುದಿಲ್ಲ. ಎರಡನ್ನೂ ಇಡಬಹುದಾ? ಮಗುವಿಗೆ ಬಾಯಿಗೆ ಬರದ ಪದ ಬೇಕಾದಾಗ ಬರುವುದಿಲ್ಲವಲ್ಲ.

ಮೊದಲ ನಿಯಮದ ಇಂಗ್ಲಿಷಿನಲ್ಲಿರುವ ‘ಪ್ರೈವೇಟ್’ ಇನ್ನೊಂದು ಗೋಳು. ಪತ್ರಿಕೆಗಳ ‘ಗುಪ್ತಾಂಗ’ ಹಾಕಿದರೆ ಒಂದು ನಿಯಮದಲ್ಲಿ ಗುಪ್ತ ಅಂತೀರಿ, ನಾಲ್ಕನೆಯದರಲ್ಲಿ ಗುಟ್ಟು ಇಟ್ಟುಕೊಳ್ಳಬೇಡ ಅಂತೀರಿ. ‘ಖಾಸಗಿ ಭಾಗ’ ಈಗೀಗ ಓಡಾಡುತ್ತಿದೆ, ಖಾಸಗಿ ಬಸ್ಸು ನೆನಪಾದರೂ ಪರವಾಗಿಲ್ಲ. ಅದನ್ನೇ ಒಪ್ಪಿದ್ದೇವೆ. ಅಂಗಗಳ ಹೆಸರೇ ಬಂದಾಗ ಮನೆಗಳಲ್ಲಿ ಇರುವುದು ‘ಶೇಮ್ ಶೇಮ್’. ಅಂದ್ರೆ ಆ ಜಾಗದ ಹೆಸರೇ ನಾಚಿಕೆ! ಮನೆಮನೆಗೊಂದು ಮುದ್ದಿನ ಹೆಸರೂ ಇರುತ್ತೆ. ಅದನ್ನು ಮಗು ಇಲ್ಲಿನ ಟೀಚರಿಗೆ ಹೇಳಿದರೆ ಅವರಿಗೆ ತಲೆಬುಡ ತಿಳಿಯುವುದಿಲ್ಲ. ಹೇಳಿಯೂ ಹೇಳದ ಹಾಗಾಯಿತು. ಅದಕ್ಕೇ ಶಾಲೆಯಲ್ಲಿ ಹೇಳಿಕೊಡುವ ಪೀನಿಸ್, ವಲ್ವ ಎರಡನ್ನೂ ಕನ್ನಡ ಅಕ್ಷರದಲ್ಲೇ ಬರೆದು ಪಕ್ಕದಲ್ಲಿ ಶಿಶ್ನ, ಯೋನಿ ಹಾಕಿದ್ದೇವೆ. ವಲ್ವ, ವಜೈನಾ ಎರಡಕ್ಕೂ ಕನ್ನಡದಲ್ಲಿ ಯೋನಿ ಅಂತಲೇ ಬರೆದುಬಿಡುತ್ತಾರೆ. ನಿಘಂಟಿನ ‘ಭಗ’ ಯಾರಿಗೂ ಗೊತ್ತಾಗದು. ಇದನ್ನು ಓದುತ್ತಿರುವ ಡಾಕ್ಟರುಗಳು ಕ್ಲಿನಿಕ್ಕಿನಲ್ಲಿ ಏನನ್ನುತ್ತೀರಿ, ತಿಳಿಸಿ.

ಮೈ ಬದಲಾಗುವ ವಯಸ್ಸಿಗೆ ‘ಹರೆಯ’ ಇಟ್ಟಾಯಿತು. ‘ಮೈನೆರೆಯುವುದು’ ಹುಡುಗಿಯರಿಗೆ ಮಾತ್ರ. ‘ಹೊರಗಾಗುವುದು’, ‘ದೂರ ಕೂರುವುದು’ ಎರಡನ್ನೂ ಬಿಟ್ಟು ನೇರವಾಗಿ ‘ಮುಟ್ಟು’ ಅಂತ ಬರೆದಿದ್ದೇವೆ. ಪತ್ರಿಕೆಗಳಲ್ಲೂ ‘ಮುಟ್ಟಿನ ರಜೆ’ ಅಂತ ಬರುತ್ತಿದೆ. ತೊಡಕು ಒಂದೇ. ‘ಕೇಳದೆ ಮುಟ್ಟಬಾರದು’ ಅನ್ನುವ ವಾಕ್ಯವೂ ಅದೇ ಪುಟದಲ್ಲಿದೆ. ಅಲ್ಲಿ ‘ಸ್ಪರ್ಶ’ ಹಾಕಿದರೆ ಮಗುವಿಗೆ ದೂರ. ಎರಡು ಮುಟ್ಟುಗಳನ್ನು ಬೇರೆ ಬೇರೆ ಪುಟಕ್ಕೆ ಹಾಕುವುದೇ ವಾಸಿಯೇನೋ.

ಕುಂದಾಪುರ, ಶಿರಸಿ, ಕಲಬುರಗಿ, ಚಾಮರಾಜನಗರದವರಿಗೆ ಒಂದು ಕೋರಿಕೆ. ನಿಮ್ಮ ಕಡೆ ಸಣ್ಣ ಮಕ್ಕಳು ಯಾರಾದರೂ ಎತ್ತಿಕೊಳ್ಳಲು ಬಂದಾಗ ಬೇಡ ಅನ್ನುವುದಕ್ಕೆ ಏನು ಹೇಳುತ್ತಾರೆ? ಆಡುವ ಮಾತನ್ನು ಹಾಗೇ ಬರೆದು ಕಳಿಸಿ, ತಿದ್ದಬೇಡಿ.