ಕಾಲು ನಿಧಾನ ಇರುವ ಲೆಫ್ಟ್ ಕಾರ್ನರ್ ಹುಡುಗನನ್ನು ಪ್ರೊ ಕಬಡ್ಡಿ ಟ್ರಯಲ್‌ಗೆ ಕಳಿಸಬಹುದಾ?

ಅಂಕೋಲಾ ಅಂಗಣ:

ಎಲ್ಲರಿಗೂ ನಮಸ್ಕಾರ. ಅಂಕೋಲಾ ಹತ್ತಿರದ ಊರೊಂದರಲ್ಲಿ ಸಂಜೆ ಹೊತ್ತು ಹುಡುಗರಿಗೆ ಕಬಡ್ಡಿ ಹೇಳಿಕೊಡುತ್ತೇನೆ. ನಮ್ಮಲ್ಲಿ 19 ವರ್ಷದ ಒಬ್ಬ ಲೆಫ್ಟ್ ಕಾರ್ನರ್ ಇದ್ದಾನೆ, ಅಂದರೆ ಎಡತುದಿಯಲ್ಲಿ ನಿಂತು ರೈಡರ್‌ನನ್ನು ಹಿಡಿಯುವ ಡಿಫೆಂಡರ್. ಅವನ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಅವನ ಕೈ ಒಮ್ಮೆ ಬಿತ್ತು ಅಂದರೆ ಬಿಡಿಸಿಕೊಂಡು ಹೋಗುವವರು ಕಡಿಮೆ. ಅಪ್ಪನ ಜೊತೆ ದೋಣಿಗೆ ಹೋಗುತ್ತಾನೆ, ಬಲೆ ಎಳೆದು ಎಳೆದು ಮುಂಗೈ ಗಟ್ಟಿಯಾಗಿದೆ. ಅದಕ್ಕಿಂತ ನನಗೆ ಇಷ್ಟವಾಗುವುದು ಅವನ ಕಣ್ಣು. ರೈಡರ್ ಬೋನಸ್ ಪಾಯಿಂಟ್‌ಗೆ ಕಾಲು ಚಾಚುವ ಮೊದಲೇ ಅವನ ಸೊಂಟ ನೋಡಿ ಅಂದಾಜು ಮಾಡುತ್ತಾನೆ. ಸುಮ್ಮನೆ ಕಾಲಿಗೆ ಬೀಳುವುದಿಲ್ಲ, ಕಾಯುತ್ತಾನೆ. ಈ ವಯಸ್ಸಿನಲ್ಲಿ ಆ ತಾಳ್ಮೆ ಎಲ್ಲರಿಗೂ ಬರುವುದಿಲ್ಲ, ಅಲ್ವಾ?

ತೊಂದರೆ ಇರುವುದು ಪಾದದಲ್ಲಿ. ಹಿಂದೆ ಸರಿಯುವುದು ನಿಧಾನ. ರೈಡರ್ ಒಂದು ಕಡೆ ಆಸೆ ತೋರಿಸಿ ಇನ್ನೊಂದು ಕಡೆ ತಿರುಗಿದರೆ ಇವನು ಅರ್ಧ ಹೆಜ್ಜೆ ತಡ. ರೈಡರ್ ಓಡುತ್ತಲೇ ಕೈಯಿಂದ ಮುಟ್ಟುವ ರನ್ನಿಂಗ್ ಹ್ಯಾಂಡ್ ಟಚ್‌ನಲ್ಲಿ ಔಟಾಗುವುದು ಜಾಸ್ತಿ. ತೂಕ 84 ಕೆ.ಜಿ. ಇದೆ, ಅಂದರೆ 85ರ ಮಿತಿಗೆ ಒಂದೇ ಕೆ.ಜಿ. ಕಡಿಮೆ.

2025ರ ಪ್ರೊ ಕಬಡ್ಡಿ ಹರಾಜಿನಲ್ಲಿ ಕೊನೆಯ ವರ್ಗವಾದ ಡಿ ವರ್ಗದ ಮೂಲಬೆಲೆಯೇ 9 ಲಕ್ಷ ಇತ್ತು. ಹೊಸ ಯುವ ಆಟಗಾರರನ್ನು ತಂಡಗಳು ಹರಾಜಿನ ಹೊರಗೂ ತೆಗೆದುಕೊಳ್ಳುತ್ತವೆ. ಆ ಮನೆಗೆ ಈ ದುಡ್ಡು ಏನು ಅಂತ ನನಗೆ ಗೊತ್ತು. ಅದಕ್ಕೇ ಸುಳ್ಳು ಆಸೆ ಹುಟ್ಟಿಸಲು ಮನಸ್ಸಿಲ್ಲ. ಈಗಲೇ ಟ್ರಯಲ್‌ಗೆ ಕಳಿಸಲಾ, ಇನ್ನೊಂದು ವರ್ಷ ಕಾಯಲಾ? ಕಾರ್ನರ್ ಬಿಡಿಸಿ ಒಳಗಿನ ಕವರ್ ಜಾಗಕ್ಕೆ ಬದಲಾಯಿಸಿ ನೋಡಿ ಅಂತ ಕೆಲವರು ಹೇಳುತ್ತಿದ್ದಾರೆ.

ಶಿರಸಿಯ ಹಳೇ ಕವರ್:

ಸರ್, ಮೊದಲು ಆ ಕವರ್ ಮಾತನ್ನು ಬಿಡಿ. ಕಾಲು ನಿಧಾನ ಇದ್ದವನನ್ನು ಕವರ್‌ಗೆ ಹಾಕಿದರೆ ಇನ್ನೂ ಕಷ್ಟ. ನಾನು ಆಡಿದ್ದೇ ಆ ಜಾಗದಲ್ಲಿ. ಡ್ಯಾಶ್ ಹೊಡೆಯಲು, ಅಂದರೆ ರೈಡರ್‌ನನ್ನು ಗುದ್ದಿ ಹೊರಗೆ ತಳ್ಳಲು, ನಿಂತಲ್ಲಿಂದ ಸಿಡಿಯಬೇಕು, ಅಲ್ಲಿ ಅರ್ಧ ಹೆಜ್ಜೆ ತಡವಾದರೆ ರೈಡರ್ ಆಗಲೇ ಮಿಡ್ ಲೈನ್ ಮುಟ್ಟಿರುತ್ತಾನೆ. ಕಾರ್ನರ್‌ನವನಿಗೆ ರೈಡರ್ ತಾನಾಗಿಯೇ ಹತ್ತಿರ ಬರುತ್ತಾನೆ. ನಿಮ್ಮ ಹುಡುಗನ ಜಾಗ ಅದೇ.

ಈಗ ಅಳತೆ ನೋಡಿ. ಸೀನಿಯರ್ ಗಂಡಸರ ಅಂಗಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ತಂಡಕ್ಕೆ 6.5 ಮೀಟರ್. ಮಿಡ್ ಲೈನ್‌ನಿಂದ ಬಾಕ್ ಲೈನ್ 3.75 ಮೀಟರ್, ಅಲ್ಲಿಂದ ಒಂದು ಮೀಟರ್ ಆಚೆ ಬೋನಸ್ ಲೈನ್. ಅಲ್ಲಿಂದ ಹಿಂದಿನ ಎಂಡ್ ಲೈನ್‌ವರೆಗೆ ಉಳಿದದ್ದು ಎಷ್ಟು? 1.75 ಮೀಟರ್. ಕಾರ್ನರ್‌ನವನ ಹೆಚ್ಚಿನ ಬದುಕು ಈ ಪಟ್ಟಿಯಲ್ಲೇ ಕಳೆಯುತ್ತದೆ. ಹಾಗಾಗಿ ಅವನು ನೂರು ಮೀಟರ್ ಎಷ್ಟು ಸೆಕೆಂಡಿಗೆ ಓಡುತ್ತಾನೆ ಅನ್ನುವುದರಿಂದ ಏನೂ ತಿಳಿಯುವುದಿಲ್ಲ. ಅವನ ಮೊದಲ ಹೆಜ್ಜೆ ಎತ್ತ ಬೀಳುತ್ತದೆ, ನಿಂತಾಗ ಹಿಮ್ಮಡಿ ನೆಲಕ್ಕೆ ಅಂಟಿರುತ್ತದಾ, ತಿರುಗುವಾಗ ಕಾಲಿಗೆ ಕಾಲು ಅಡ್ಡ ಬರುತ್ತದಾ, ಇವನ್ನು ನೋಡಿ. ವಿಡಿಯೊ ಇದ್ದರೆ ಪಾಯಿಂಟ್ ಲೆಕ್ಕ ಮರೆತು ಬರೀ ಪಾದ ನೋಡಿ.

ಒಂದು ಉದಾಹರಣೆ ಹೇಳುತ್ತೇನೆ. ಡಿಫೆಂಡರ್ ಧರ್ಮರಾಜ್ ಚೇರಲಾದನ್ 2016ರಲ್ಲಿ ಪಟ್ನಾ ಪೈರೇಟ್ಸ್ ನಾಯಕನಾಗಿ ಪ್ರೊ ಕಬಡ್ಡಿ ಕಪ್ ಗೆದ್ದಾಗ ನಲವತ್ತು ದಾಟಿತ್ತು. ಆ ವಯಸ್ಸಿನಲ್ಲಿ ಪಾದದ ವೇಗ ಎಲ್ಲಿಂದ ಬರಬೇಕು? ಎಲ್ಲಿ ನಿಲ್ಲಬೇಕು ಅನ್ನುವುದು ಗೊತ್ತಿತ್ತು, ಅಷ್ಟೇ. ಓದುವ ಕಣ್ಣಿದ್ದವನಿಗೆ ಕಬಡ್ಡಿಯಲ್ಲಿ ಜಾಗ ಇದ್ದೇ ಇದೆ.

ಕಾರವಾರ ಮಾಲಾದೇವಿ:

ಶಿರಸಿಯವರ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ ಮಾರಾಯ್ರೆ. ಚೇರಲಾದನ್ ಅವರಿಗೆ ದೊಡ್ಡ ಮಟ್ಟದಲ್ಲಿ ವರ್ಷಗಟ್ಟಲೆ ಆಡಿದ ಅನುಭವ ಇತ್ತು. ನಲವತ್ತರಲ್ಲಿ ಕಾಲು ನಿಧಾನವಾಗುವುದು ಬೇರೆ, ಹತ್ತೊಂಬತ್ತರಲ್ಲೇ ನಿಧಾನ ಇರುವುದು ಬೇರೆ. ಈ ಹುಡುಗ ಇಲ್ಲಿಯವರೆಗೆ ಓದಿದ್ದು ನಮ್ಮ ಜಿಲ್ಲೆಯ ರೈಡರ್‌ಗಳನ್ನು. ಪ್ರೊ ಕಬಡ್ಡಿಯ ರೈಡರ್ ಸೊಂಟದಿಂದಲೇ ಸುಳ್ಳು ಹೇಳುತ್ತಾನೆ. ಆಗ ಕಣ್ಣು ಮೋಸ ಹೋಗುತ್ತದೆ, ಅದನ್ನು ಸರಿಮಾಡಿಕೊಳ್ಳಲು ಪಾದವೇ ಬೇಕು.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ನಮ್ಮ ಕಡೆಯ ಹೊನಲು ಬೆಳಕಿನ ಪಂದ್ಯಗಳ ಅಂಗಣ ಎಷ್ಟೋ ಸಲ ಅಳತೆಗಿಂತ ಸಣ್ಣದಿರುತ್ತದೆ. ಗದ್ದೆ ಎಷ್ಟು ಅಗಲವೋ ಅಂಗಣವೂ ಅಷ್ಟೇ. ಅಲ್ಲಿ ಏಳು ಜನ ನಿಂತರೆ ನಿಧಾನ ಕಾಲು ಕಾಣುವುದೇ ಇಲ್ಲ, ಪಕ್ಕದವನು ಮುಚ್ಚಿಬಿಡುತ್ತಾನೆ.

ನಾನು ಯಾವುದೇ ಡಿಫೆಂಡರ್‌ನನ್ನು ನೋಡುವುದು ಅಂಗಣದಲ್ಲಿ ಮೂರೇ ಜನ ಉಳಿದಾಗ. ಆಗ ರೈಡರ್‌ನನ್ನು ಹಿಡಿದರೆ ಅದು ಸೂಪರ್ ಟ್ಯಾಕಲ್, ಎರಡು ಪಾಯಿಂಟ್ ಸಿಗುವ ಹೊತ್ತದು. ಎರಡು ಬದಿಯ ಲಾಬಿ ಪಟ್ಟಿ ಬಿಟ್ಟರೂ ಎಂಟು ಮೀಟರ್ ಅಗಲ, ಕಾಯಲು ಮೂವರು. ಅಲ್ಲಿ ಯಾರನ್ನೂ ಯಾರೂ ಮುಚ್ಚಲು ಆಗುವುದಿಲ್ಲ. ಆ ರೈಡ್‌ಗಳಲ್ಲಿ ಹುಡುಗ ಏನು ಮಾಡುತ್ತಾನೆ ಹೇಳಿ, ಆಮೇಲೆ ಟ್ರಯಲ್ ಮಾತಾಡೋಣ. ಎರಡು ಖಾಲಿ ರೈಡ್ ಆದಮೇಲೆ ಪಾಯಿಂಟ್ ತರಲೇಬೇಕಾದ ಡು ಆರ್ ಡೈ ರೈಡ್‌ನಲ್ಲಿ ಹಿಡಿದದ್ದನ್ನು ಮಾತ್ರ ದೊಡ್ಡದಾಗಿ ಲೆಕ್ಕ ಹಾಕಬೇಡಿ. ಅಲ್ಲಿ ರೈಡರ್‌ಗೆ ಬೇರೆ ದಾರಿ ಇಲ್ಲ, ಮೈಮೇಲೆ ಬರಲೇಬೇಕು.

ಕುಮಟಾ ಪಿ.ಇ. ಟೀಚರ್:

ಇಬ್ಬರ ಮಾತೂ ಓದಿದೆ. ನನ್ನ ಪ್ರಶ್ನೆ ಬೇರೆ: ಈ ಕಾಲು ಯಾಕೆ ನಿಧಾನ ಅಂತ ಯಾರಾದರೂ ನೋಡಿದ್ದೀರಾ?

ದೋಣಿ ಕೆಲಸದ ಹುಡುಗ ಅಂದಿರಿ. ಅಲುಗಾಡುವ ದೋಣಿಯಲ್ಲಿ ಬೀಳದೆ ನಿಲ್ಲಬೇಕಾದರೆ ಪಾದ ಪೂರ್ತಿ ಊರಿ, ಕಾಲು ಅಗಲಿಸಿ ನಿಲ್ಲಬೇಕು. ಅದೇ ನಿಲುವು ಮೈಗೆ ಹತ್ತಿರುತ್ತದೆ. ನಮ್ಮ ಶಾಲೆಗೆ ಬರುವ ಮೀನುಗಾರರ ಮನೆ ಮಕ್ಕಳಲ್ಲಿ ನಾನು ಇದನ್ನು ಕಂಡಿದ್ದೇನೆ. ಅವರಿಗೆ ತಳ ಗಟ್ಟಿ, ಎಳೆದರೆ ಅಲುಗುವುದಿಲ್ಲ. ಆದರೆ ಹಿಮ್ಮಡಿ ಎತ್ತಿ ನಿಲ್ಲುವ ಅಭ್ಯಾಸ ಇರುವುದಿಲ್ಲ. ಇದು ಹುಟ್ಟಿನಿಂದ ಬಂದ ಕೊರತೆ ಅಲ್ಲ, ಕಲಿತದ್ದು. ಕಲಿತದ್ದನ್ನು ಬದಲಾಯಿಸಬಹುದು.

ಪಾದದ ಗಂಟು ಎಷ್ಟು ಬಗ್ಗುತ್ತದೆ ಅಂತ ಇವತ್ತೇ ನೋಡಿ. ಹಿಮ್ಮಡಿ ಎತ್ತದೆ ಪೂರ್ತಿ ಕುಕ್ಕರಗಾಲಲ್ಲಿ ಕೂತು, ಬೆನ್ನು ಬಗ್ಗಿಸದೆ ಇರಲು ಹೇಳಿ. ಆಗಲಿಲ್ಲ ಅಂದರೆ ಮೊದಲ ಕೆಲಸ ಅಲ್ಲಿದೆ.

ಇನ್ನು ಮರಳು. ನಮ್ಮ ಕರಾವಳಿಯಲ್ಲಿ ಕಾಲು ನಿಧಾನ ಅಂದ ಕೂಡಲೇ ಹುಡುಗರನ್ನು ಸಮುದ್ರದ ದಂಡೆಯಲ್ಲಿ ಓಡಿಸುತ್ತಾರೆ. ಮರಳಿನಲ್ಲಿ ತೊಡೆಗೆ ಶಕ್ತಿ ಬರುತ್ತದೆ, ನಿಜ. ಆದರೆ ಪಾದ ಹೂತು ಹೂತು ಏಳುತ್ತದೆ. ಪಟ್ಟನೆ ನೆಲ ಬಿಡುವುದನ್ನು ಮರಳು ಕಲಿಸುವುದಿಲ್ಲ, ಅದಕ್ಕೆ ಗಟ್ಟಿ ನೆಲ ಅಥವಾ ಮ್ಯಾಟ್ ಬೇಕು. ಶಿರಸಿಯವರು ಹೇಳಿದ ಆ 1.75 ಮೀಟರ್ ಪಟ್ಟಿ ಗುರುತು ಮಾಡಿ, ಎದುರಿಗೆ ಒಬ್ಬ ರೈಡರ್ ನಿಲ್ಲಿಸಿ. ಮುಟ್ಟುವುದು ಬೇಡ, ಹಿಡಿಯುವುದೂ ಬೇಡ. ಅವನು ಸರಿದತ್ತ ಇವನು ಸರಿಯಬೇಕು, ಸಣ್ಣ ಸಣ್ಣ ಹೆಜ್ಜೆಯಲ್ಲಿ. 30 ಸೆಕೆಂಡ್, ಅಂದರೆ ಒಂದು ರೈಡ್ ಹೊತ್ತು. ಆಮೇಲೆ ವಿಶ್ರಾಂತಿ, ಮತ್ತೆ 30. ಸುಸ್ತಾಗಿ ಹೆಜ್ಜೆ ಭಾರವಾದ ಕೂಡಲೇ ನಿಲ್ಲಿಸಿಬಿಡಿ, ಭಾರದ ಹೆಜ್ಜೆಯೇ ಅಭ್ಯಾಸವಾದರೆ ಕಷ್ಟ.

ತೂಕದ ಬಗ್ಗೆಯೂ ಒಂದು ಮಾತು. ಮೂರು ನಾಲ್ಕು ಕೆ.ಜಿ. ಇಳಿಸಿದರೆ ಒಳ್ಳೆಯದು, ಆದರೆ ಊಟ ಬಿಡಿಸಿ ಅಲ್ಲ. ಮೀನು, ಮೊಟ್ಟೆ ಚೆನ್ನಾಗಿ ತಿನ್ನಲಿ. ಅನ್ನದ ಎರಡನೇ ಸುತ್ತು ಮತ್ತು ರಾತ್ರಿಯ ಬೇಕರಿ ತಿಂಡಿ ಕಡಿಮೆ ಮಾಡಲಿ.

ಅಂಕೋಲಾ ಅಂಗಣ:

ಮೂವರಿಗೂ ತುಂಬಾ ಧನ್ಯವಾದ. ಟೀಚರ್ ಹೇಳಿದ್ದನ್ನು ಇವತ್ತು ಸಂಜೆಯೇ ನೋಡಿದೆ. ಕುಕ್ಕರಗಾಲಲ್ಲಿ ಕೂತರೆ ಹಿಮ್ಮಡಿ ಏಳುತ್ತದೆ, ಬಲಗಾಲಿನದು ಜಾಸ್ತಿ. ಇವನಿಗೆ ಹಿಂದೆ ಸರಿಯುವಾಗ ಕಷ್ಟವಾಗುವುದೂ ಬಲಗಾಲು ಊರಿ ತಿರುಗುವಾಗಲೇ.

ಮಾಲಾದೇವಿಯವರೇ, ಮೂರು ಜನ ಉಳಿದ ರೈಡ್‌ಗಳನ್ನು ಹಳೇ ವಿಡಿಯೊದಲ್ಲಿ ಹುಡುಕಿದೆ. ಅವನು ಔಟಾದದ್ದೇ ಹೆಚ್ಚು, ಅದು ನಿಜ. ಆದರೆ ಹಿಡಿದ ಕಡೆಯೆಲ್ಲ ಅವನು ಎಂಡ್ ಲೈನ್‌ವರೆಗೆ ಹೋಗದೆ ಒಂದು ಹೆಜ್ಜೆ ಮುಂದೆಯೇ ನಿಂತಿದ್ದಾನೆ. ಹಿಂದೆ ಸರಿಯುವುದು ಕಷ್ಟ ಅಂತ ಅವನೇ ಕಂಡುಕೊಂಡ ಉಪಾಯ ಇರಬೇಕು. ನಾನು ಹೇಳಿಕೊಟ್ಟದ್ದಲ್ಲ.

ಕಾರವಾರ ಮಾಲಾದೇವಿ:

ಹಾಗಾದರೆ ಈ ಹುಡುಗನ ಮೇಲೆ ನನಗೂ ನಂಬಿಕೆ ಬಂತು. ಆದರೂ ಈ ವರ್ಷ ಪ್ರೊ ಕಬಡ್ಡಿ ಟ್ರಯಲ್ ಬೇಡ. ಮೊದಲು ಯುವ ಕಬಡ್ಡಿ ಸೀರೀಸ್‌ಗೆ ಪ್ರಯತ್ನಿಸಿ. 23 ವರ್ಷದೊಳಗಿನವರದು, ಮ್ಯಾಟ್ ಮೇಲಿನ ಆಟ, ಅವನಿಗೆ ಇನ್ನೂ ಕಾಲಾವಕಾಶ ಇದೆ. ಅಲ್ಲಿಯವರೆಗೆ ವಾರಕ್ಕೊಮ್ಮೆಯಾದರೂ ಶೂ ಹಾಕಿಸಿ ಮ್ಯಾಟ್ ಮೇಲೆ ಆಡಿಸಿ. ಬರಿಗಾಲಲ್ಲಿ ಮಣ್ಣಿನ ಮೇಲೆ ಜಾರಿ ತಿರುಗಿ ಅಭ್ಯಾಸವಾದವನಿಗೆ ಮ್ಯಾಟ್ ಮೇಲೆ ಶೂ ಹಿಡಿದುಕೊಳ್ಳುತ್ತದೆ, ಮಂಡಿ ತಿರುಚುವ ಭಯ ಇದೆ. ಆ ಬಲಗಾಲಿನ ಬಗ್ಗೆ ಹುಷಾರು.

ಶಿರಸಿಯ ಹಳೇ ಕವರ್:

ಒಂದು ಹೆಜ್ಜೆ ಮುಂದೆ ನಿಲ್ಲುತ್ತಾನೆ ಅಂದಿರಲ್ಲ, ಆ ವಿಡಿಯೊ ಇಲ್ಲಿ ಹಾಕಿ ಸರ್. ಹಾಗೆ ನಿಂತರೆ ಅವನ ಪಕ್ಕದವನೂ ಮುಂದೆ ಬರಬೇಕು, ಇಲ್ಲದಿದ್ದರೆ ನಡುವೆ ಕಂಡಿ ಬೀಳುತ್ತದೆ. ಚೈನ್‌ನಲ್ಲಿ ಅವನ ಕೈ ಹಿಡಿಯುವವನು ಯಾರು, ಅವನ ಕಾಲು ಹೇಗಿದೆ ಅಂತಲೂ ಬರೆಯಿರಿ.